ಕಿವಿ ಮುರಿದ ಕ್ಯಾಸೆಟ್ಟು

ಎಡಗಾಲಿನ ಹಿಮ್ಮಡಿಗೆ ಅರಿಸಿನ ಹಚ್ಚುತ್ತಲೇ ಇದ್ದ ಅಶ್ವತ್ಥಮ್ಮನ ಕೈಯನ್ನು ಪಕ್ಕದ ಮನೆಯ ಪುಟ್ಟಕ್ಕ ಹಿಡಿದು ನಿಲ್ಲಿಸಿದಳು.

"ಸಾಕು ಬುಡೇ. ತಿರುಪತಿಗೋಗಿ ಬಂದೋರ ಬೋಳು ತಲೆಯಂಗಾಗೈತೆ ಕಾಲು. ಎಷ್ಟು ಅಂತ ಬಳೀತೀಯ?"

ಅಶ್ವತ್ಥಮ್ಮ ಕೈ ಹಿಂದಕ್ಕೆ ತೆಗೆದುಕೊಂಡಳು. ಪಡಸಾಲೆಯ ಚಾಪೆಯ ಮೇಲೆ ಅವಳ ವಾರಗಿತ್ತಿ ವರಲಕ್ಷ್ಮಿ ಮಲಗಿದ್ದಳು. ಬೆಳಿಗ್ಗೆ ಹಾಲು ಕರೆದು, ಚೊಂಬನ್ನು ಹೊಸಿಲಿನ ಮೇಲಿಟ್ಟು, "ಅಕ್ಕಾ, ಎದೆ ಹಿಡಿದಂಗಾಯ್ತದೆ" ಎಂದು ಕುಳಿತವಳು ಮತ್ತೆ ಎದ್ದಿರಲಿಲ್ಲ. ಗಂಡ ಇರುವಾಗಲೇ ಹೋದ ಮುತ್ತೈದೆ. ಹಸಿರು ಬಳೆ, ಮಲ್ಲಿಗೆ, ಹಣೆ ತುಂಬ ಕುಂಕುಮ.

"ಹಾಡು ಮತ್ತೆ," ಪುಟ್ಟಕ್ಕ ಹೇಳಿದಳು. "ಊರೋರ ಹೆಣಕ್ಕೆಲ್ಲ ಹಾಡ್ಕೊಂಡು ಅತ್ತೋಳು ನೀನು. ಸ್ವಂತ ವಾರಗಿತ್ತಿ ಕಣಮ್ಮ ಇವ್ಳು. ಇಂಗೆ ಮೂಗಿಯಂಗೆ ಕುಂತ್ರೆ ಜನ ಏನಂದಾರು?"

"ಗಂಟ್ಲು ಬತ್ತಿಲ್ಲ ಅಕ್ಕಯ್ಯ."

"ನಿಂಗೇ ಗಂಟ್ಲು ಬರ್ದಿದ್ರೆ ಈ ಊರಲ್ಲಿ ಇನ್ಯಾರಿಗೆ ಬತ್ತದೆ? ನಾನು ಹಾಡ್ಲಾ? ಅವ್ಳು ಎದ್ದು ಓಡೋಗ್ಬುಡ್ತಾಳೆ."

ಕುಳಿತ ಹೆಂಗಸರಲ್ಲಿ ಯಾರೋ ಸೆರಗಿನಲ್ಲಿ ನಗು ಮುಚ್ಚಿಕೊಂಡರು. ಅಶ್ವತ್ಥಮ್ಮ ತಲೆ ಎತ್ತಲಿಲ್ಲ.

ಚನ್ನರಾಯನದುರ್ಗದಲ್ಲಿ ಮದುವೆಗೆ, ಆರತಿಗೆ, ತೊಟ್ಟಿಲಿಗೆ ಸೋಬಾನೆ ಎಂದರೆ ಅಶ್ವತ್ಥಮ್ಮ. ಸಾವಾದರೂ ಅವಳೇ. ಸತ್ತವರ ಹೆಸರು ಕರೆದು, ಅವರ ಬದುಕನ್ನು ಒಂದೊಂದಾಗಿ ಹಾಡಿನಲ್ಲಿ ಎತ್ತಿ ಆಡುತ್ತಾ ಅಳುತ್ತಾಳೆ. ಅವಳಿಗೆ ಓದು ಬರಹ ಬರದು. ಒಮ್ಮೆ ಕೇಳಿದ್ದು ಮರೆಯುವುದಿಲ್ಲ, ಅಷ್ಟೆ. ಆದರೆ ಇವತ್ತು ಬಾಯಿ ತೆರೆದರೆ ಮೊದಲು ಬರಬೇಕಾದ ಮಾತು ಬೇರೆ ಇತ್ತು. ಇಪ್ಪತ್ತೊಂದು ವರ್ಷದಿಂದ ಅದು ಗಂಟಲಲ್ಲೇ ಇತ್ತು. ಅದನ್ನು ನುಂಗಿಕೊಂಡು ಹಾಡಿದರೆ ಹಾಡೇ ಸುಳ್ಳಾಗುತ್ತದೆ.

ಮೂರು ಗಂಟೆಗೆ ಎತ್ತುವುದೆಂದು ಅವಳ ಗಂಡ ಗಂಗಾಧರಯ್ಯ ಹೇಳಿ ಹೋಗಿದ್ದ. ಈ ಮನೆಯ ಹೆಂಗಸರು ಮಣ್ಣಿಗೆ ಹೋಗುವ ಪದ್ಧತಿ ಇಲ್ಲ. ವರಲಕ್ಷ್ಮಿಗೆ ಹೇಳುವುದೇನಿದ್ದರೂ ಅಷ್ಟರೊಳಗೆ ಹೇಳಬೇಕಿತ್ತು.

*

ವರಲಕ್ಷ್ಮಿ ಶಿರಾ ಕಡೆಯಿಂದ ಈ ಮನೆಗೆ ಬಂದಾಗ ತವರಿನಿಂದ ತಂದದ್ದು ಒಂದು ಟೇಪ್ ರೆಕಾರ್ಡರು. ರೇಡಿಯೊ ಮನೆಯಲ್ಲಿತ್ತು. ಮಧ್ಯಾಹ್ನ ಕೋರಿಕೆಯ ಚಿತ್ರಗೀತೆ ಬರುವ ಹೊತ್ತಿಗೆ ಎರಡನ್ನೂ ಬೀಗರನ್ನು ಕೂರಿಸಿದ ಹಾಗೆ ಎದುರುಬದುರು ಇಟ್ಟು, ಕೆಂಪು ಗುಂಡಿಯ ಮೇಲೆ ಬೆರಳಿಟ್ಟು ಕಾಯುತ್ತಿದ್ದಳು. ರೇಡಿಯೊದವರು ಮಾತಾಡುವಾಗ ಒತ್ತುವಳು. ಹಾಡು ಶುರುವಾದರೆ ನಿಲ್ಲಿಸುವಳು.

ಅಶ್ವತ್ಥಮ್ಮನಿಗೆ ಇದು ಅರ್ಥವಾಗಿರಲಿಲ್ಲ. "ಊಟ ಬುಟ್ಟು ಎಲೆ ಎತ್ತಿಟ್ಕೊಂಡಂಗಾಯ್ತಲ್ಲೇ," ಎಂದಿದ್ದಳು.

"ಹಾಡು ಅಂಗಡೀಲಿ ಸಿಕ್ತದೆ ಅಕ್ಕಾ. ಮಾತು ಹೋದ್ರೆ ಹೋಯ್ತು."

ಆ ಮಾತುಗಳಲ್ಲೂ ಅವಳಿಗೆ ವಾರಿಜಾ ಎಂಬಾಕೆಯ ಮಾತೆಂದರೆ ಪ್ರಾಣ. ಊರೂರಿನ ಕಾಗದ ಒಡೆದು, ಬರೆದವರ ಹೆಸರುಗಳನ್ನು ಅಕ್ಕಿ ಆರಿಸಿದಷ್ಟು ಜೋಪಾನವಾಗಿ ಓದುವ ದನಿ. ಹಾಗೆ ಹಿಡಿದ ಕ್ಯಾಸೆಟ್ಟುಗಳ ಮೇಲೆ ತಾರೀಖು ಬರೆದು, ಮೇಲಂಚಿನಲ್ಲಿರುವ ಎರಡು ಪುಟ್ಟ ಪ್ಲಾಸ್ಟಿಕ್ ಚೂರುಗಳನ್ನು ಪಿನ್ನಿನಿಂದ ಮುರಿಯುತ್ತಿದ್ದಳು. ಅವು ಮುರಿದರೆ ಕೆಂಪು ಗುಂಡಿ ಕೆಳಗಿಳಿಯುವುದಿಲ್ಲ. ಆ ಕ್ಯಾಸೆಟ್ಟಿನ ಮೇಲೆ ಬೇರೆ ಏನನ್ನೂ ತುಂಬಲು ಬರುವುದಿಲ್ಲ. 'ಕಿವಿ ಮುರಿಯೋದು' ಎಂದು ಮನೆಯಲ್ಲಿ ಅದಕ್ಕೆ ಹೆಸರು ಬಿದ್ದಿತ್ತು. ಖಾಲಿ ಕ್ಯಾಸೆಟ್ಟು ಇಲ್ಲದ ದಿನ ಬೇಡವಾದ ಹಳೆಯದೊಂದನ್ನು ತೆಗೆದು, ಮುರಿದ ಜಾಗಕ್ಕೆ ಅನ್ನದ ಅಗುಳಿನಿಂದ ಬೆಂಕಿಪೊಟ್ಟಣದ ಕಾಗದ ಅಂಟಿಸಿ ಮತ್ತೆ ಬಳಸುವುದೂ ಉಂಟು. ಅಶ್ವತ್ಥಮ್ಮ ಇದನ್ನೆಲ್ಲ ನೋಡುತ್ತಿದ್ದಳು.

ಆ ಅರ್ಧ ಗಂಟೆ ಮನೆಯಲ್ಲಿ ಸದ್ದಾಗಬಾರದು. ಹುಣಿಸೆಹಣ್ಣು ಕುಟ್ಟುವ ಕಾಲದಲ್ಲೂ ಅಷ್ಟು ಹೊತ್ತು ಕುಟ್ಟಣಿ ನಿಲ್ಲಬೇಕು. ಒಂದು ದಿನ ಕೂಲಿ ಹೆಂಗಸರ ನಡುವೆ ಬೀಜ ಬಿಡಿಸುತ್ತಾ ಅಶ್ವತ್ಥಮ್ಮ ಅರಿವಿಲ್ಲದೆ ಹಾಡು ಗುನುಗಿದಳು. ವರಲಕ್ಷ್ಮಿ ಬಾಗಿಲಿಗೆ ಬಂದಳು.

"ಅಕ್ಕಾ, ಉಶ್! ನಿನ್ ಗಂಟ್ಲು ಒಳಗೆ ಬಿದ್ದು ಎಲ್ಲಾ ಹಾಳಾಗೋಯ್ತು."

ಕೂಲಿ ಹೆಂಗಸರು ನಕ್ಕರು. ಅಶ್ವತ್ಥಮ್ಮನೂ ನಕ್ಕಳು. ಊರವರು ವೀಳ್ಯ ಕೊಟ್ಟು ಕರೆಸಿ ಹಾಡಿಸುವ ಗಂಟಲು ತನ್ನ ಮನೆಯಲ್ಲೇ ಕಸವಾಯಿತು ಎಂಬುದು ಮಾತ್ರ ಆಮೇಲೆ ನಿಧಾನವಾಗಿ ಒಳಗೆ ಇಳಿಯಿತು. ಹುಣಿಸೆ ನಾರು ಉಗುರಿನ ಸಂದಿಗೆ ಇಳಿದ ಹಾಗೆ.

*

ಒಂದು ಗಂಟೆಯ ಬಸ್ಸಿಗೆ ಕೊರಟಗೆರೆಯಿಂದ ಒಬ್ಬರು ಬಂದರು. ಒಂದು ಕೈಯಲ್ಲಿ ಹೂವಿನ ಹಾರ, ಇನ್ನೊಂದರಲ್ಲಿ ಹೆಗಲು ಜಗ್ಗುವಷ್ಟು ಭಾರದ ಬ್ಯಾಗು. ವರಲಕ್ಷ್ಮಿಯ ಗಂಡ ಓಬಳಯ್ಯ ಎದ್ದು ಕೈ ಮುಗಿದ. ಬಂದವರು ಹಾರ ಹಾಕಿ, ಒಂದು ನಿಮಿಷ ನಿಂತು, ಗೋಡೆ ಪಕ್ಕ ಕುಳಿತರು.

"ಯಾರಪ್ಪ ನೀನು? ಎಲ್ ಕಡೆಯೋನು?" ಪುಟ್ಟಕ್ಕ ಕೇಳಿದಳು.

"ನಂದೀಶ್ವರಯ್ಯ ಅಂತ, ಅಜ್ಜಿ. ಕೊರಟಗೆರೆ ಬಸ್‌ಸ್ಟ್ಯಾಂಡ್ ಹತ್ರ ರೇಡಿಯೊ ರಿಪೇರಿ ಅಂಗಡಿ ಇತ್ತು. ಈಗ ಮೊಬೈಲ್ ಕವರ್ ಮಾರ್ತೀನಿ."

"ರೇಡಿಯೊ ಸತ್ತು ಎಷ್ಟು ವರ್ಷ ಆಯ್ತು! ಇವ್ಳಿಗೂ ನಿಂಗೂ ಏನು?"

"ಹಳೇ ರೇಡಿಯೊ ಮಾತು ಕೂಡಿಡೋರು ನಾವು ಏಳೆಂಟು ಜನ ಇದ್ದೀವಿ ಅಜ್ಜಿ. ತುಮಕೂರು, ಹಾಸನ, ಒಬ್ರು ಬಳ್ಳಾರಿ. ಒಬ್ಬರ ಹತ್ರ ಇಲ್ಲದ್ದು ಇನ್ನೊಬ್ಬರು ಕೊಡ್ತೀವಿ. ವರಲಕ್ಷ್ಮಮ್ಮನೋರ ಹತ್ರ ಇದ್ದಷ್ಟು ವಾರಿಜಮ್ಮ ಇನ್ಯಾರ ಹತ್ರಾನೂ ಇಲ್ಲ. ಕಂಪ್ಯೂಟರಿಗೆ ಹಾಕ್ಕೊಡಿ ಅಂತ ಯುಗಾದಿ ಮುಂಚೆ ಎಲ್ಲಾ ಕ್ಯಾಸೆಟ್ಟೂ ನನಗೆ ಕೊಟ್ಟಿದ್ರು." ಅವರು ಬ್ಯಾಗನ್ನು ಮುಟ್ಟಿದರು. "ಮುಂದಿನ ವಾರ ತರ್ತೀನಿ ಅಂದಿದ್ದೆ. ಬೆಳಿಗ್ಗೆ ಅವರಿಗೆ ಫೋನ್ ಮಾಡ್ದಾಗ ವಿಷಯ ಗೊತ್ತಾಯ್ತು."

ಇಷ್ಟು ವರ್ಷ ಸಂತೆಗೆಂದು ಬಸ್ಸು ಹತ್ತುತ್ತಿದ್ದವಳಿಗೆ ಕಾಯುವ ಜನ ಬಳ್ಳಾರಿಯವರೆಗೂ ಇದ್ದರೆಂದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅಶ್ವತ್ಥಮ್ಮ ಬ್ಯಾಗನ್ನೇ ನೋಡುತ್ತಿದ್ದಳು. ಅದರಲ್ಲಿ ಅದೂ ಇರಬೇಕು.

*

ವಾರಿಜಾ ಕೆಲಸದಿಂದ ನಿವೃತ್ತಳಾದ ದಿನ, ಕೊನೆಯ ಕಾರ್ಯಕ್ರಮದ ಕೊನೆಯ ಕಾಗದ ವರಲಕ್ಷ್ಮಿಯದಾಗಿತ್ತು. ಬರೀ ಹೆಸರಲ್ಲ, ಆಕೆ ಕಾಗದವನ್ನೇ ಪೂರ್ತಿ ಓದಿದಳು. ಓದಿ, ಅದಕ್ಕೆ ತನ್ನ ಎರಡು ಮಾತೂ ಸೇರಿಸಿದಳು. ಮನೆಯಲ್ಲಿದ್ದವರು ವಾರಗಿತ್ತಿಯರಿಬ್ಬರೇ. ಮೊರ ಹಿಡಿದು ಹೊಸಿಲಿನ ಮೇಲೆ ನಿಂತಿದ್ದ ಅಶ್ವತ್ಥಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ವರಲಕ್ಷ್ಮಿ ಅಳುತ್ತಲೇ ಆ ಕ್ಯಾಸೆಟ್ಟಿನ ಕಿವಿ ಮುರಿದು, ಕುಂಕುಮ ಹಚ್ಚಿ, ದೇವರ ಗೂಡಿನಲ್ಲಿಟ್ಟಳು.

ಅದಾದ ಹತ್ತನೇ ದಿನ ಅಶ್ವತ್ಥಮ್ಮನ ಮಗಳು ತೇಜಸ್ವಿನಿಯ ಆರತಿ. ಮೈನೆರೆದ ಹುಡುಗಿಯನ್ನು ಹಸೆಯ ಮೇಲೆ ಕೂರಿಸಿದ್ದರು. ಮನೆ ತುಂಬ ನೆಂಟರು. ವರಲಕ್ಷ್ಮಿ ಹಿತ್ತಲಲ್ಲಿ ಎಳ್ಳುಬೆಲ್ಲದ ಚಿಗಳಿ ಕುಟ್ಟುತ್ತಿದ್ದಳು.

"ಟೇಪ್ ಐತಲ್ಲ, ಅಶ್ವತ್ಥಕ್ಕನ ಹಾಡು ತುಂಬ್ಕಳ್ರೇ," ಎಂದರು ಯಾರೋ.

ಕ್ಯಾಸೆಟ್ಟು ತರಲು ಅಶ್ವತ್ಥಮ್ಮ ತಾನೇ ಒಳಗೆ ಹೋದಳು. ಪೆಟ್ಟಿಗೆಯ ಮೇಲೆ ಹೊದಿಕೆಯನ್ನೂ ಬಿಚ್ಚದ ಹೊಸದೊಂದು ಕಣ್ಣೆದುರೇ ಇತ್ತು. ಅವಳ ಕೈ ದೇವರ ಗೂಡಿಗೆ ಹೋಯಿತು. ಅನ್ನದ ತಪ್ಪಲೆಯಿಂದ ಒಂದು ಅಗುಳು ತೆಗೆದು, ಬೆಂಕಿಪೊಟ್ಟಣ ಹರಿದು, ಕಾಗದವನ್ನು ಒತ್ತಿ ಅಂಟಿಸಿದಳು. ಅವತ್ತು ಹಾಡಿದ ಹಾಗೆ ಅವಳು ಮುಂಚೆ ಹಾಡಿರಲಿಲ್ಲ, ಆಮೇಲೂ ಹಾಡಲಿಲ್ಲ.

ಮಾರನೆಯ ದಿನ ವರಲಕ್ಷ್ಮಿ ಕ್ಯಾಸೆಟ್ಟು ಹಿಡಿದು ಅಡಿಗೆಮನೆಗೆ ಬಂದಳು.

"ನಂಗೆ ಓದಾಕ್ ಬತ್ತದಾ ವರಾ? ಎಲ್ಲಾ ಒಂದೇ ತರ ಕಂಡ್ವು," ಎಂದಳು ಅಶ್ವತ್ಥಮ್ಮ.

ವರಲಕ್ಷ್ಮಿ ಕ್ಯಾಸೆಟ್ಟಿನ ಮೇಲಿನ ಕುಂಕುಮವನ್ನು ನೋಡಿದಳು. ವಾರಗಿತ್ತಿಯ ಮುಖ ನೋಡಿದಳು. "ಬುಡು ಅಕ್ಕಾ," ಎಂದು ಹೊರಟುಹೋದಳು. ಜಗಳವಾಗಲಿಲ್ಲ. ಸಂಜೆ ಒಟ್ಟಿಗೇ ರಾಗಿ ಬೀಸಿದರು. ಕೆಂಪು ಗುಂಡಿಯನ್ನು ಮಾತ್ರ ವರಲಕ್ಷ್ಮಿ ಮತ್ತೆಂದೂ ಒತ್ತಲಿಲ್ಲ. ಮಧ್ಯಾಹ್ನ ಆ ಹೊತ್ತಿಗೆ ರೇಡಿಯೊ ಹಾಕದೆ, ಗೋಡೆಗೊರಗಿ ಸುಮ್ಮನೆ ಕೂರುತ್ತಿದ್ದಳು. ದಿನಾ ಅರ್ಧ ಗಂಟೆ, ಇಪ್ಪತ್ತೊಂದು ವರ್ಷ. ಅದು ತನ್ನ ಮೇಲಿನ ಮುನಿಸೆಂದೇ ಅಶ್ವತ್ಥಮ್ಮ ತಿಳಿದಿದ್ದಳು.

ಅಂದು ರೇಡಿಯೊದಲ್ಲಿ ಕೇಳಿದ್ದು ಅವಳಿಗೆ ಅಕ್ಷರ ಅಕ್ಷರವೂ ನೆನಪಿತ್ತು. ಯಾವತ್ತಾದರೂ ಪಕ್ಕದಲ್ಲಿ ಕುಳಿತು, ತಗೋ, ಹೋದದ್ದು ಇಲ್ಲೈತೆ ಎಂದು ಹೇಳಿಬಿಡಬಹುದಿತ್ತು. ಹಾಗೆ ಹೇಳಿದರೆ ಬೇಕೆಂದೇ ಅಳಿಸಿದ್ದನ್ನೂ ಹೇಳಬೇಕಾಗುತ್ತಿತ್ತು.

*

"ಅವ್ಳಿಗೆ ಪ್ರೀತಿಯದ್ದು ಒಂದು ಜೊತೇಲಿ ಇಡ್ರಪ್ಪ," ಪುಟ್ಟಕ್ಕ ಹೇಳಿದಳು. "ಎಲೆಅಡಿಕೆ ಹಾಕೋರ್ಗೆ ಎಲೆಅಡಿಕೆ ಇಟ್ಟು ಕಳಿಸಾಕಿಲ್ವಾ? ಅಂಗೇಯ."

ಓಬಳಯ್ಯ ಬ್ಯಾಗಿನತ್ತ ನೋಡಿದ. "ಯಾವ್ದು ಅಂತ ನಂಗೆ ಗೊತ್ತಾಗಾಕಿಲ್ಲ ಸ್ವಾಮಿ. ನೀವೇ ಆರಿಸ್ಕೊಡಿ."

ನಂದೀಶ್ವರಯ್ಯ ಹುಡುಕಲೇ ಇಲ್ಲ. ಬ್ಯಾಗಿನ ಪಕ್ಕದ ಜೇಬಿನಿಂದ ಒಂದನ್ನು ಬೇರೆಯಾಗಿ ತೆಗೆದರು.

"ಇಡೋದಾದ್ರೆ ಇದು. ಟೇಪು ನೋಡಿದ್ರೆ ನಮಗೆ ಗೊತ್ತಾಗ್ತದೆ, ಹೆಚ್ಚು ಸಲ ಓಡಿರೋದು ಯಾವ್ದು ಅಂತ. ಇದು ಸವೆದು ಸವೆದು ಬೆಳ್ಳಗಾಗಿದೆ. ತಮಾಷೆ ಅಂದ್ರೆ ಇದರಲ್ಲಿ ರೇಡಿಯೊ ಇಲ್ಲ. ಯಾರೋ ಹೆಣ್ಣುಮಗಳು ಹಾಡಿರೋ ಆರತಿ ಹಾಡು."

ಮೂಲೆಯಲ್ಲಿ ಹೂ ಕಟ್ಟುತ್ತಿದ್ದ ತೇಜಸ್ವಿನಿ ತಲೆ ಎತ್ತಿದಳು. "ಅದು ನನ್ನ ಆರತಿದು! ಅಮ್ಮ ಹಾಡಿದ್ದು."

"ನೀವಾ ತಾಯಿ?" ನಂದೀಶ್ವರಯ್ಯ ಅಶ್ವತ್ಥಮ್ಮನತ್ತ ತಿರುಗಿದರು. "ಇದನ್ನ ಹಿಡ್ಕೊಂಡೇ ಅವರು ಮೊದಲನೇ ಸಲ ನನ್ನ ಅಂಗಡಿಗೆ ಬಂದಿದ್ದು. ಅಡೀಲಿ ಹಳೇದು ಇನ್ನೂ ಇರ್ತದಾ ಅಂದ್ರು. ಇಲ್ಲಮ್ಮ, ಹೋದದ್ದು ಹೋಯ್ತು ಅಂದೆ. ಕಿವಿಗೆ ಕಾಗದ ಅಂಟಿಸಿತ್ತು. ಯಾರೋ ಕೆಲಸ ತಿಳಿದೋರೇ ಬೇಕಂತ ಮಾಡವ್ರೆ ಅಂತ ಬಾಯಿ ತಪ್ಪಿ ಅಂದ್ಬಿಟ್ಟೆ."

"ಏನಂದ್ಲು?" ಅಶ್ವತ್ಥಮ್ಮ ಕೇಳಿದಳು.

"ಗೊತ್ತು ಅಂದ್ರು. ಅಂಗಡೀಲೇ ನಿಂತು ಪೂರ್ತಿ ಹಾಡು ಕೇಳಿದ್ರು. ಆಮೇಲೆ, ಆ ಕಾಗದ ಕಿತ್ತಾಕಿ ಸ್ವಾಮಿ, ಇನ್ಮೇಲೆ ಇದನ್ನೂ ಯಾರೂ ಅಳಿಸಬಾರದು ಅಂತ ನನ್ನ ಕೈಲಿ ಕೀಳಿಸಿದ್ರು. ಮನೇಲಿ ಯಾರೂ ಇಲ್ದಾಗ ಇದನ್ನೇ ಹಾಕ್ಕೊಂಡು ಕೇಳ್ತೀನಿ ಅನ್ನೋರು."

ಅವರು ಕ್ಯಾಸೆಟ್ಟನ್ನು ಅಂಗೈಯಲ್ಲಿ ತಿರುಗಿಸಿದರು. "ವಾರಿಜಮ್ಮನ ಆ ಕೊನೇ ದಿನದ್ದು ಯಾರ ಹತ್ರಾನೂ ಸಿಗ್ಲಿಲ್ಲ ತಾಯಿ. ಎಷ್ಟು ಹುಡುಕಿದ್ವಿ! ಏನು ಬರ್ದಿದ್ರಿ ನೀವಾದ್ರೂ ಹೇಳಿ ಅಂದ್ರೆ, ಬರೆದೋರಿಗೇ ನೆನಪಿಲ್ಲ. ಅವರು ಓದಿದ ದನಿ ಐತೆ, ಕೊನೇ ಮಾತೊಂದು ಬುಟ್ಟು ಮಿಕ್ಕಿದ್ದೆಲ್ಲ ಜಾರೋಗೈತೆ ಅನ್ನೋರು."

ಹೊರಗೆ ಚಟ್ಟ ಕಟ್ಟಿ ಮುಗಿದಿತ್ತು. ತಮಟೆಯವರು ಬಂದು, ಬೀದಿಯಲ್ಲಿ ತೆಂಗಿನ ಗರಿಗೆ ಬೆಂಕಿ ಹಾಕಿ ತಮಟೆ ಕಾಯಿಸುತ್ತಿದ್ದರು. ಗಂಗಾಧರಯ್ಯ ಬಾಗಿಲಲ್ಲಿ ನಿಂತು, "ಹೊತ್ತಾಯ್ತು, ಎತ್ತಾನ," ಎಂದ.

"ತಡೀರಿ," ಎಂದಳು ಅಶ್ವತ್ಥಮ್ಮ. ಮೂವತ್ತು ಜನರ ಮುಂದೆ ಗಂಡನಿಗೆ ಹಾಗೆ ಹೇಳಿದ್ದು ಅದೇ ಮೊದಲು.

ಮಂಡಿಯ ಮೇಲೆ ಜರುಗಿ ವರಲಕ್ಷ್ಮಿಯ ತಲೆಯ ಬಳಿಗೆ ಹೋದಳು. ಕೆನ್ನೆಗೆ ಅಂಟಿದ್ದ ಮಲ್ಲಿಗೆಯ ಎಸಳೊಂದನ್ನು ತೆಗೆದಳು. ಮೊದಲು ಬಂದದ್ದು ದನಿಯಲ್ಲ, ಗಾಳಿ. ಆಮೇಲೆ ದನಿ ಬಂತು.

"ಬೇಕಂತ ಅಳಿಸ್ದೆ ಕಣೇ, ವರಾ, ನನ್ನವ್ವಾ,
ಕುಂಕುಮ ಕಂಡೂ ಅಳಿಸ್ದೆ.
ಕಣ್ಣ ಮುಂದಿದ್ದ ಹೊಸಾದ ಬುಟ್ಟು
ನಿನ್ನ ಜೀವಕ್ಕೆ ಕೈ ಹಾಕ್ದೆ..."

ಓಬಳಯ್ಯ ಗೋಡೆಗೆ ಕೈ ಕೊಟ್ಟು ನಿಂತ. ಅಶ್ವತ್ಥಮ್ಮ ಯಾರನ್ನೂ ನೋಡಲಿಲ್ಲ.

"ಹೋಯ್ತು ಅಂದ್ಯಲ್ಲೇ, ಇಲ್ಲೈತೆ ಕೇಳೇ,
ನೀ ಬರ್ದ ಕಾಗ್ದ ಇಲ್ಲೈತೆ.
ದುರ್ಗದ ವರಲಕ್ಷ್ಮಿ ಬರೆದವ್ಳೆ ತಾಯಿ,
ವಾರಿಜಮ್ಮ ಓದವ್ಳೆ:
ನೀವು ಮಾತಾಡೋ ಅರ್ಧ ಗಂಟೆ ಹೊತ್ತು
ನಾನ್ಯಾರ ಸೊಸೆಯೂ ಅಲ್ಲ,
ನೀರು ಕೇಳೋರಿಲ್ಲ, ಹೆಸ್ರು ಕೂಗೋರಿಲ್ಲ,
ನಾ ಬರೀ ನಾನೇ ಆಗಿರ್ತೀನಿ..."

ಹಿತ್ತಲಿನಿಂದ ಹೆಂಗಸರು ಒದ್ದೆ ಕೈಯಲ್ಲೇ ಒಬ್ಬೊಬ್ಬರಾಗಿ ಬಂದು ನಿಂತರು. ನಂದೀಶ್ವರಯ್ಯನವರ ಕೈ ಫೋನಿಗಾಗಿ ಜೇಬಿನ ತನಕ ಹೋಗಿ ಅಲ್ಲೇ ಉಳಿಯಿತು.

"ನಂಗೂ ಅಂಗೇ ಕಣಮ್ಮಾ ವರಲಕ್ಷ್ಮಿ
ಅಂತ ಆವಮ್ಮ ಅಂದವ್ಳೆ.
ನಾಳಿಂದ ನಾನಿಲ್ಲ, ಈ ಹೊತ್ತ ಮಾತ್ರ
ಯಾರ್ಗೂ ಬುಟ್ಕೊಡಬ್ಯಾಡ ಅಂದವ್ಳೆ.
ರೇಡಿಯೊ ಇಲ್ದಿದ್ರೂ ದಿನಾ ಅರ್ಧ ಗಂಟೆ
ಸುಮ್ಕೆ ಕೂತ್ಕೋ ಅಂದವ್ಳೆ..."

ಅಲ್ಲಿಗೆ ದನಿ ನಿಂತಿತು. ಅಷ್ಟು ವರ್ಷ ಬಾಯಿಪಾಠವಾಗಿದ್ದ ಮಾತು ಈಗಷ್ಟೇ ಕೇಳಿಸಿದವಳಂತೆ ಅಶ್ವತ್ಥಮ್ಮ ವರಲಕ್ಷ್ಮಿಯ ಮುಖವನ್ನೇ ನೋಡಿದಳು. ಗೋಡೆಯ ಬುಡದಲ್ಲಿ ಅವಳು ದಿನಾ ಒರಗಿ ಕೂತು ನುಣುಪಾದ ಜಾಗವನ್ನು ನೋಡಿದಳು. "ಅದಕ್ಕಾ ಕೂತಿದ್ದೆ?" ಎಂದಳು. ಅದು ಹಾಡಾಗಿರಲಿಲ್ಲ. "ಲೇ ವರಾ, ಅದಕ್ಕಾ?"

ಆಮೇಲೆ ಮತ್ತೆ ಮೊದಲಿನಿಂದ ಎತ್ತಿಕೊಂಡಳು, ಈ ಸಲ ಪೂರ್ತಿ ಗಂಟಲಿನಲ್ಲಿ.

ಬೀದಿಯಲ್ಲಿ ತಮಟೆ ಹದಕ್ಕೆ ಬಂದಿತ್ತು. ಬಡಿಯಲು ಕೋಲೆತ್ತಿದ್ದ ಹಿರಿಯ ತಮಟೆಯವನು ಒಳಗಿನ ದನಿಗೆ ತಲೆ ವಾಲಿಸಿದ. ಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಸದ್ದಾಗದ ಹಾಗೆ ಬಿಸಿಯಾದ ಚರ್ಮದ ಮೇಲೆ ಅಂಗೈ ಚಾಚಿಟ್ಟು, ಅದು ಸುಡುತ್ತಿದ್ದರೂ ತೆಗೆಯದೆ ಹಾಗೇ ನಿಂತ.