ಅನುಮಾನದ ಇನ್ನಾಸಪ್ಪ ಮೇಷ್ಟ್ರು

ಏನೇ ಕೇಳಿದರೂ ಇನ್ನಾಸಪ್ಪ ಮೇಷ್ಟ್ರು ಒಮ್ಮೆ ಕಣ್ಣು ಮುಚ್ಚಿ ತೆರೆದು, ಕೋಟಿನ ಮೇಲುಗುಂಡಿಯನ್ನು ಬಿಚ್ಚಿ ಮತ್ತೆ ಹಾಕಿ, ಆಮೇಲೆ "ಗೊತ್ತಿಲ್ಲ ಸಾರ್" ಎನ್ನುತ್ತಿದ್ದರು. ಊಟ ಆಯಿತೇ ಎಂದು ಕೇಳಿದವರಿಗೂ ಅವರಿಂದ ಥಟ್ಟನೆ ಉತ್ತರ ಸಿಕ್ಕಿದ್ದನ್ನು ನಾನು ಕಾಣೆ. ಎರಡು ತುತ್ತು ತಿಂದು ಎದ್ದದ್ದನ್ನು ಊಟವೆಂದು ಕರೆಯಬಹುದೇ ಎಂಬ ಜಿಜ್ಞಾಸೆ ಅಲ್ಲಿಯೂ ಇಣುಕುತ್ತಿತ್ತು. ಸುಳ್ಳಿನ ಭಯ ಅದು, ಅಜ್ಞಾನವಲ್ಲ. ಬಾಯಿಂದ ಹೊರಟ ಮಾತು ಸತ್ಯಕ್ಕಿಂತ ಕೂದಲೆಳೆಯಷ್ಟು ಆಚೀಚೆಯಾದರೂ ಅದಕ್ಕೆ ಯಾರೋ ಲೆಕ್ಕ ಕೇಳುವರೆಂಬ ಅಳುಕಿನಲ್ಲೇ ಆ ಎತ್ತರದ, ತುಸು ಬಾಗಿದ, ಏಪ್ರಿಲ್ಲಿನ ಬಿಸಿಲಿನಲ್ಲೂ ಕಂದು ಕೋಟು ಬಿಡದ ಮನುಷ್ಯ ಅರವತ್ತು ವರ್ಷ ದಾಟಿದ್ದರು.

ತೊಂಬತ್ತರ ದಶಕದ ಮೊದಲಲ್ಲಿ ನಾನು ಕೋಣನಕುಂಟೆಯಲ್ಲಿ ಮನೆ ಕಟ್ಟಿಕೊಂಡು ಬಂದಾಗ ಸುತ್ತ ಇನ್ನೂ ರಾಗಿಹೊಲಗಳಿದ್ದವು. ಜಯನಗರದ ಕಾಲೇಜಿಗೆ ಹೋಗಲು ಬೆಳಿಗ್ಗೆ ಬಸ್ಸು ಹತ್ತಿದರೆ ಕಿಟಕಿಯ ಪಕ್ಕ ಮೇಷ್ಟ್ರು ಕುಳಿತಿರುತ್ತಿದ್ದರು. ಡ್ರಾಯಿಂಗ್ ಮೇಷ್ಟ್ರಾಗಿ ನಿವೃತ್ತರಾದವರು. ಆಗ ದಿನವೂ ಚರ್ಚಿನ ಪೂಜೆಗೆ ಹೋಗುವುದೇ ಅವರ ಉದ್ಯೋಗ. ಕನಕಪುರದ ಕಡೆಯ ಹಳ್ಳಿಯೊಂದರ ಹಳೆಯ ಕ್ರೈಸ್ತ ಮನೆತನ ಅವರದು. ಅಲ್ಲಿ ಇನ್ನಾಸಪ್ಪ, ಚೌರಪ್ಪ, ಅಂತೋಣಪ್ಪ ಎಂಬ ಹೆಸರುಗಳು ರಾಗಿಯಷ್ಟೇ ಸಹಜವಾದ ಬೆಳೆಯೆಂದು ಅವರೇ ಒಮ್ಮೆ ಹೇಳಿ, ಹೋಲಿಕೆ ಸರಿಯಾಯಿತೋ ಇಲ್ಲವೋ ಎಂದು ಮುಂದಿನ ಸ್ಟಾಪಿನವರೆಗೆ ಯೋಚಿಸಿದ್ದರು.

ಅವರನ್ನು ಬಹುಕಾಲದಿಂದ ಕಾಡುತ್ತಿದ್ದ ಪ್ರಶ್ನೆಯೊಂದಿತ್ತು. ಬಸ್ಸಿನಲ್ಲಿ ಅದನ್ನು ನನ್ನ ಮುಂದೆ ಎಷ್ಟು ಸಲ ಇಟ್ಟರೋ.

"ನಿಮ್ಮ ಬೆಳಕು ಜನರ ಮುಂದೆ ಹೊಳೀಲಿ, ನೀವು ಮಾಡೋ ಒಳ್ಳೇದನ್ನ ಅವರು ನೋಡ್ಲಿ ಅಂದೋರು ಯೇಸುಸ್ವಾಮಿ. ಬಲಗೈ ಕೊಟ್ಟಿದ್ದು ಎಡಗೈಗೂ ತಿಳೀಬಾರ್ದು ಅಂದೋರೂ ಅವರೇ. ಎರಡನ್ನೂ ಒಟ್ಟಿಗೆ ಹೇಗೆ ಸಾರ್ ಮಾಡೋದು?"

ಪಂಡಿತರು ಇದಕ್ಕೆ ಸಮಾಧಾನ ಹೇಳಿಯೇ ಇರುತ್ತಾರೆ ಎಂದು ನಾನು ಹೇಳುತ್ತಿದ್ದೆ. ಮೇಷ್ಟ್ರಿಗೆ ಬೇಕಾದದ್ದು ಸಮಾಧಾನವಲ್ಲ, ಆ ಹೊತ್ತಿಗೆ ಕೈಯಲ್ಲಿದ್ದ ಕ್ಯಾರಿಯರನ್ನು ಏನು ಮಾಡಬೇಕೆಂಬುದು. ಬೀದಿಯಲ್ಲಿ ಯಾರಾದರೂ ಕಾಯಿಲೆ ಬಿದ್ದರೆ ಗಂಜಿ ತುಂಬಿದ ಸ್ಟೀಲ್ ಕ್ಯಾರಿಯರನ್ನು ಕೋಟಿನೊಳಗೆ ಬಚ್ಚಿಟ್ಟುಕೊಂಡು ಮನೆಯಿಂದ ಹೊರಡುವರು; ನಾಲ್ಕು ಮನೆ ದಾಟುವಷ್ಟರಲ್ಲಿ ಬಚ್ಚಿಡುವುದೂ ಒಂದು ಬಗೆಯ ಡಂಬವೆನ್ನಿಸಿ ಹೊರತೆಗೆಯುವರು; ಎದುರಿಗೆ ಯಾರಾದರೂ ಬಂದರೆ ತೋರಿಕೆಯಾಯಿತೆಂದು ಮತ್ತೆ ಒಳಗೆ. ಹೀಗೆ ಒಳಗೂ ಹೊರಗೂ ಆಡುತ್ತ ಗಂಜಿ ರೋಗಿಯನ್ನು ಮುಟ್ಟುವ ಹೊತ್ತಿಗೆ ಕೋಟಿನ ಅಸ್ತರೂ ಒಂದಿಷ್ಟು ಕುಡಿದಿರುತ್ತಿತ್ತು. ಅದನ್ನು ತೊಳೆಯುವ ಪಾಡು ಅವರ ಹೆಂಡತಿ ಲೂರ್ದಮ್ಮನವರದು. "ದೀಪದ ಬುಡದಲ್ಲೇ ಕತ್ತಲೆ ಸಾರ್," ಎಂದು ಆಕೆ ನನ್ನ ಮುಂದೆಯೇ ಗೊಣಗಿದ್ದುಂಟು. "ಬೀದಿಗೆಲ್ಲ ಗಂಜಿ ಹೋಗುತ್ತೆ. ನನ್ನ ಮಂಡಿನೋವಿಗೆ ಎಣ್ಣೆ ತನ್ನಿ ಅಂದ್ರೆ ವಾರ ಯೋಚ್ನೆ ಮಾಡ್ತಾರೆ."

ಅವರು ಬಾಡಿಗೆಗಿದ್ದದ್ದು ಚಿಕ್ಕಬೈರಪ್ಪನವರ ಸಾಲುಮನೆಗಳಲ್ಲೊಂದರಲ್ಲಿ. ಚಿಕ್ಕಬೈರಪ್ಪ ಊರಿನ ಹಳೆಯ ರೈತ. ಹೊಲಗಳು ಲೇಔಟಾದ ಮೇಲೆ ಮನೆಗಳನ್ನು ಕಟ್ಟಿಸಿ ಬಾಡಿಗೆಗೆ ಕೊಟ್ಟು, ಉಳಿದ ಒಂದು ತುಂಡು ತೆಂಗಿನ ತೋಟವನ್ನು ಮಾತ್ರ ಮಾರದೆ ಇಟ್ಟುಕೊಂಡಿದ್ದವರು. ಮಾತು ಒರಟು, ಮನಸ್ಸು ಕೆಟ್ಟದ್ದಲ್ಲ. ಅವರ ಒಬ್ಬನೇ ಮಗ ಕೆಂಪರಾಜು ತೊಂಬತ್ತೆಂಟರ ಸುಮಾರಿಗೆ ಆಸ್ಪತ್ರೆಯಿಂದ ಮನೆಗೆ ಬಂದ. ಬಂದದ್ದು ಮನೆಯೊಳಕ್ಕಲ್ಲ, ತೋಟದ ಮೂಲೆಯ ಪಂಪ್‌ಸೆಟ್ ಕೋಣೆಗೆ. ಏಡ್ಸ್ ಎಂಬ ಶಬ್ದವನ್ನು ಗಟ್ಟಿಯಾಗಿ ಆಡಿದರೂ ರೋಗ ಅಂಟುವುದೆಂದು ಜನ ಆಗ ನಂಬಿದ್ದರು. ಅವನಿಗೆ ಅದು ಹೇಗೆ ಬಂತೆಂದು ಊರು ಹಲವು ಕಥೆ ಕಟ್ಟಿತು. ತಾಯಿ ಸೊಣ್ಣಮ್ಮ ಅನ್ನದ ತಟ್ಟೆಯನ್ನು ಹೊಸ್ತಿಲಲ್ಲಿಟ್ಟು, ಸೆರಗನ್ನು ಬಾಯಿಗೆ ಒತ್ತಿಕೊಂಡು ಹಿಂದೆ ಸರಿಯುತ್ತಿದ್ದರು. ಕ್ಷೌರದವನು ಬರಲೊಲ್ಲೆನೆಂದ. ನೆಂಟರು ಆ ರಸ್ತೆಯನ್ನೇ ಬಿಟ್ಟರು.

ಮೇಷ್ಟ್ರು ಒಳಗೆ ಹೋದದ್ದು ಯಾವ ಸಂಕಲ್ಪದಿಂದಲೂ ಅಲ್ಲ. ಪೂಜೆ ಮುಗಿಸಿ ಬರುವಾಗ ತೋಟದೊಳಗಿನಿಂದ ಯಾರೋ "ನೀರು" ಎಂದದ್ದು ಕೇಳಿಸಿತು, ಹೋದರು. ಮರುದಿನವೂ ಹೋದರು. ಸರ್ಕಾರಿ ಆಸ್ಪತ್ರೆಯ ಡಾಕ್ಟರೊಬ್ಬರನ್ನು ಹುಡುಕಿಕೊಂಡು ಹೋಗಿ ಕೇಳಿದಾಗ, ಮುಟ್ಟಿದರೆ ಏನೂ ಆಗದು, ಗಾಯಗಳ ಬಗ್ಗೆ ಮಾತ್ರ ಎಚ್ಚರವಿರಲಿ ಎಂದರಂತೆ. ಹಾಗಿದ್ದೂ ಅವನ ಮೈ ಒರೆಸಿ, ಗಡ್ಡ ಹೆರೆದು, ಹಾಸಿಗೆ ಕೊಡವಿ ಬಂದ ಮೇಲೆ ಮೇಷ್ಟ್ರು ಬೀದಿಯ ನಲ್ಲಿಯಲ್ಲಿ ಮೊಣಕೈಯವರೆಗೆ ಸೋಪು ಹಚ್ಚಿ ತೊಳೆದು, ತೊಳೆದದ್ದನ್ನೇ ಮತ್ತೆ ತೊಳೆಯುತ್ತಿದ್ದರು.

"ಹೆದರಿಕೆ ಆಗುತ್ತೆ ಸಾರ್," ಎಂದರು ಒಂದು ದಿನ, ಒದ್ದೆ ಕೈಗಳನ್ನು ನೋಡಿಕೊಳ್ಳುತ್ತ. "ಹೆದರ್ಕೊಂಡು ಮಾಡೋದು ಪ್ರೀತಿ ಹೇಗಾಗುತ್ತೆ? ಆದ್ರೆ ಹೆದರಿಕೆ ಹೋಗ್ಲಿ ಅಂತ ಕಾಯ್ತಾ ಕೂತ್ರೆ ಅವನ ಬೆನ್ನು ಹುಣ್ಣಾಗುತ್ತೆ."

ಅವನ ಹತ್ತಿರ ಮೇಷ್ಟ್ರು ಧರ್ಮದ ವಿಷಯ ಎತ್ತಲಿಲ್ಲ. ಎತ್ತದೆ ಇರುವುದು ವಿನಯವೋ ಹೇಡಿತನವೋ ಎಂಬುದು ಇನ್ನೊಂದು ಬಗೆಹರಿಯದ ಪ್ರಶ್ನೆಯಾಗಿ ಬಸ್ಸು ಹತ್ತಿತು. ಕೆಲಸ ಮುಗಿದ ಮೇಲೆ ಗೋಡೆಗೆ ಒರಗಿ ತುಟಿಯಲ್ಲೇ ಜಪ ಮಾಡುತ್ತಿದ್ದರಂತೆ, ಅಷ್ಟೆ. ಅದನ್ನು ಕಂಡು ಕೆಂಪರಾಜು, "ಏನ್ ಮೇಷ್ಟ್ರೇ ಗೊಣಗ್ತೀರ? ಅದ್ರಲ್ಲಿ ನನ್ನ ಹೆಸ್ರೂ ಬರುತ್ತಾ?" ಎಂದು ಕೇಳಿದನಂತೆ. ಬರುತ್ತದೆ ಎಂದು ಇವರು ಹೇಳಿದರು. ಅದೊಂದಕ್ಕೆ ಮಾತ್ರ ತಡಮಾಡದೆ ಉತ್ತರಿಸಿದೆನೆಂದು ಅವರಿಗೇ ಆಶ್ಚರ್ಯವಾಗಿತ್ತು.

ಕೆಲವು ವಾರಗಳ ನಂತರ ಮೇಷ್ಟ್ರು ಬಸ್ಸಿಗೂ ಕಾಯದೆ ನೇರವಾಗಿ ನನ್ನ ಮನೆಗೆ ಬಂದರು. ಕೋಟಿನ ಗುಂಡಿಗಳು ಮೇಲೊಂದು ಕೆಳಗೊಂದು ಸೇರಿಕೊಂಡಿದ್ದವು. ಕೆಂಪರಾಜು ಜ್ಞಾನಸ್ನಾನ ಕೇಳುತ್ತಿದ್ದ. ತಲೆಯ ಮೇಲೆ ನೀರು ಹಾಕಿ ಕ್ರೈಸ್ತರೊಳಕ್ಕೆ ಸೇರಿಸಿಕೊಳ್ಳುವ ವಿಧಿ. ಸಾಯುವವನು ಕೇಳಿದರೆ ಗುರುಗಳಿಗೆ ಕಾಯಬೇಕಾಗಿಲ್ಲ, ಯಾರು ಬೇಕಾದರೂ ಹಾಕಬಹುದಂತೆ.

"ಹಾಗಿದ್ರೆ ಹಾಕಿಬಿಡಿ," ಎಂದೆ.

"ಅವನು ಏನಂದ ಗೊತ್ತಾ ಸಾರ್? ನನ್ನೂ ನಿಮ್ಮ ಕಡೆ ಸೇರಿಸ್ಕೊಳ್ಳಿ ಮೇಷ್ಟ್ರೇ, ನಮ್ಮೋರು ಯಾರೂ ನನ್ನ ಅವ್ರ ಕಡೆ ಇಟ್ಕೊಂಡಿಲ್ಲ ಅಂದ. ಅವನು ಕೇಳ್ತಿರೋದು ನಮ್ಮ ಸ್ವಾಮೀನೋ, ಮೈ ಮುಟ್ಟೋ ಒಬ್ಬ ಮನುಷ್ಯನನ್ನೋ? ಹಾಕಿದ್ರೆ, ಹಸಿದೋನಿಗೆ ಅನ್ನ ತೋರಿಸಿ ಹೆಸರು ಬರೆಸ್ಕೊಂಡ ಹಾಗಾಗುತ್ತೆ. ಹಾಕದೆ ಇದ್ರೆ, ನಾನು ಸತ್ಯ ಅಂತ ನಂಬಿರೋದನ್ನ ಕೇಳಿದೋನಿಗೆ ಇಲ್ಲ ಅಂದ ಹಾಗಾಗುತ್ತೆ."

ಕೊನೆಗೆ ಅವರು ನಿಶ್ಚಯಿಸಿದ್ದು ಹೆತ್ತವರಿಗೆ ತಿಳಿಸದೆ ಮಾಡಬಾರದೆಂದು. ಒಬ್ಬರೇ ಹೋಗಲು ಧೈರ್ಯ ಸಾಲದೆ ನನ್ನನ್ನೂ ಕರೆದರು. ಚಿಕ್ಕಬೈರಪ್ಪ ಜಗಲಿಯ ಮೇಲೆ ಕುಳಿತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಬಾಗಿಲ ಹಿಂದೆ ಸೊಣ್ಣಮ್ಮ ಇದ್ದರು. ಮೇಷ್ಟ್ರು ಇದ್ದದ್ದನ್ನು ಇದ್ದಂತೆ ಹೇಳಿದರು. ಚಿಕ್ಕಬೈರಪ್ಪನವರ ಬೆರಳು ಎಲೆಯ ಮೇಲೆ ನಿಂತಿತು.

"ಅದಕ್ಕೇನಾ ಮೇಷ್ಟ್ರೇ ಇಷ್ಟ್ ದಿವ್ಸ ಬರ್ತಿದ್ದಿದ್ದು?"

ಅಲ್ಲ ಎಂಬ ಒಂದು ಮಾತು ಸಾಕಾಗಿತ್ತು. ಅದು ಸತ್ಯವೂ ಆಗಿತ್ತೆಂದು ನಾನು ಪ್ರಮಾಣ ಮಾಡಬಲ್ಲೆ. ಮೇಷ್ಟ್ರು ಕಣ್ಣು ಮುಚ್ಚಿದರು, ತೆರೆದರು, ಗುಂಡಿಗೆ ಕೈ ಹಾಕಿದರು. "ಅಲ್ಲ ಅಂದ್ಕೊಂಡಿದ್ದೆ ಬೈರಪ್ಪನೋರೇ. ಅವನು ಕೇಳಿದಾಗ ಮನಸ್ಸಿಗೆ ಒಂಥರಾ ಸಂತೋಷ ಆಯ್ತು. ಆ ಸಂತೋಷಕ್ಕೇ ಮೊದ್ಲಿಂದ ಹೋಗ್ತಿದ್ನೇನೋ. ಗೊತ್ತಿಲ್ಲ."

ಚಿಕ್ಕಬೈರಪ್ಪ ಎದ್ದು ನಿಂತರು. "ನನ್ ಮಗ ಸಾಯ್ತಾವ್ನೆ. ಅವನ ಸಾವನ್ನೂ ನಿಮ್ಮೋರ್ ಲೆಕ್ಕಕ್ಕೆ ಹಾಕ್ಕೊಳಕ್ ಬಂದ್ರಾ? ತೋಟದ್ ಕಡೆ ಕಾಲಿಕ್ಬೇಡಿ. ಮನೇನೂ ಖಾಲಿ ಮಾಡಿ."

ಹಿಂದಿರುಗುವಾಗ ಅವರನ್ನು ಬೈಯಬೇಕೆನ್ನಿಸಿತ್ತು ನನಗೆ. ಬೈದದ್ದು ಲೂರ್ದಮ್ಮ. ಗಂಡ ಅಲ್ಲಿಗೆ ಹೋಗುವುದನ್ನೇ ಒಪ್ಪದಿದ್ದ ಆಕೆ ಈಗ ಅಳುತ್ತ ಕೇಳಿದರು: "ಸುಮ್ನೆ ಒಂದು ಲೋಟ ನೀರು ಹಾಕಿ ಬಂದಿದ್ರೆ ಯಾರಿಗ್ರೀ ತಿಳೀತಿತ್ತು?" ಮೇಷ್ಟ್ರು, "ಅದನ್ನ ಕದ್ದು ಕೊಡಕ್ಕಾಗುತ್ತೇನೆ?" ಎಂದು ಗೋಡೆಯ ಕಡೆ ತಿರುಗಿ ಕುಳಿತರು.

ಅಲ್ಲಿಂದ ಮುಂದೆ ಬೆಳಗಿನ ಹೊತ್ತು ಅವರು ತೋಟದ ಬೇಲಿಯಾಚೆ, ರಸ್ತೆಯ ಮೇಲೆ, ನಿಷೇಧವನ್ನು ಅಕ್ಷರಶಃ ಪಾಲಿಸುತ್ತ ನಿಂತಿರುತ್ತಿದ್ದರು. ಒಳಗೆ ಕೆಂಪರಾಜು ನರಳುವುದು ಕೇಳಿಸುತ್ತಿತ್ತು. ಒಂದು ದಿನ ನಾನು ಬಸ್ಸಿಗೆ ಹೊರಟವನು ಕಂಡೆ: ಸೊಣ್ಣಮ್ಮ ಬಿಸಿನೀರಿನ ಕೊಳದಪ್ಪಲೆ ಹಿಡಿದು ಕೋಣೆಯ ಹೊಸ್ತಿಲಲ್ಲಿ ನಿಂತಿದ್ದಾರೆ.

"ಎಂಗ್ ಮುಟ್ಲಿ ಮೇಷ್ಟ್ರೇ? ಎಲ್ ಇಡಿದ್ರೂ ನೋಯ್ತದೆ ಅವ್ನಿಗೆ."

"ಮೊದ್ಲು ಬೆನ್ನ ಕೆಳಗೆ ಕೈ ಹಾಕಮ್ಮ. ಎತ್ತಬೇಡ, ನಿನ್ನ ಕಡೆ ಹೊರಳಿಸ್ಕೋ. ನೀರು ನಿನ್ನ ಮುಂಗೈ ತಡಕೊಳ್ಳೋಷ್ಟು ಬಿಸಿ ಇದ್ರೆ ಸಾಕು."

ಆಕೆ ಒಳಗೆ ಹೋದರು. ಬೇಲಿಯಾಚೆಯಿಂದ ಮೇಷ್ಟ್ರು ಹೇಳುತ್ತಲೇ ಇದ್ದರು, ಕುತ್ತಿಗೆ, ಕಂಕುಳು, ಹಿಮ್ಮಡಿ ಎಂದು, ಹಿಂದೆ ಮಕ್ಕಳಿಗೆ ಚಿತ್ರ ಬರೆಯಿಸುತ್ತಿದ್ದ ಅದೇ ದನಿಯಲ್ಲಿ. ನಡುವೆ ಒಳಗಿನಿಂದ ತಾಯಿಮಗ ಇಬ್ಬರೂ ಅಳುವುದು ಕೇಳಿಸಿತು. ಮೇಷ್ಟ್ರು ಮಾತು ನಿಲ್ಲಿಸಿ, ರಸ್ತೆಯಲ್ಲೇ ಚಪ್ಪಲಿ ಬಿಟ್ಟು ನಿಂತರು. ಆಮೇಲೆ ಸೊಣ್ಣಮ್ಮನಿಗೆ ಯಾರ ಪಾಠವೂ ಬೇಕಾಗಲಿಲ್ಲ. ಕೊನೆಯ ದಿನಗಳಲ್ಲಿ ಕೆಂಪರಾಜು ತಾಯಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿರುತ್ತಿದ್ದನೆಂದು ಊರೇ ಹೇಳಿತು. ಯುಗಾದಿಗೆ ಮುಂಚೆ ತೀರಿಕೊಂಡ.

ಅವನನ್ನು ತೋಟದಲ್ಲೇ ಮಣ್ಣು ಮಾಡಿದರು. ಮೇಷ್ಟ್ರು ಆಗಲೂ ಬೇಲಿಯಾಚೆಯೇ ನಿಂತಿದ್ದರು. ಎಲ್ಲರೂ ಮಣ್ಣು ಹಾಕಿದ ಮೇಲೆ ಚಿಕ್ಕಬೈರಪ್ಪ ತಲೆಯೆತ್ತಿ ನೋಡಿ, "ಬನ್ನಿ ಮೇಷ್ಟ್ರೇ, ನೀವೂ ಒಂದ್ ಹಿಡಿ ಆಕಿ," ಎಂದರು. "ನಿಮ್ಮಲ್ ಏನಾರ ಏಳೋದಿದ್ರೆ ಮನ್ಸಲ್ಲೇ ಏಳ್ಕಳಿ." ಮನೆ ಖಾಲಿ ಮಾಡುವ ಮಾತು ಮತ್ತೆ ಬರಲಿಲ್ಲ.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ತಿಥಿಯೆಲ್ಲ ಕಳೆದ ಮೇಲೆ ಸೊಣ್ಣಮ್ಮ ಮೇಷ್ಟ್ರಿಗೆ ಒಂದು ಮಾತು ಹೇಳಿದರು. ಕೊನೆಯ ಬೆಳಿಗ್ಗೆ ಮಗ "ನೀರಾಕವ್ವ" ಎಂದನಂತೆ. "ಕುಡಿಯಕ್ಕೋ, ಮೈಗೋ, ನೀವ್ ಏಳಿದ್ರಲ್ಲ ಅಂಗೆ ತಲೆಗೋ, ನಂಗೊತ್ತಾಗ್ಲಿಲ್ಲ ಮೇಷ್ಟ್ರೇ. ಬಾಯಿಗೂ ಬುಟ್ಟೆ, ಮೈಯೂ ಒರೆಸ್ದೆ, ತಲೆಗೂ ಉಯ್ದೆ. ಬಾಯಿಗೆ ಬಂದ ದೇವ್ರ ಎಸ್ರೆಲ್ಲ ಏಳ್ದೆ. ನಿಮ್ಮವ್ರದ್ದೂ ಏಳಿದ್ನೇನೋ."

ಈ ಮಾತು ಮೇಷ್ಟ್ರನ್ನು ವರ್ಷಗಟ್ಟಲೆ ನಿದ್ದೆಗೆಡಿಸಿತು. ಅದು ಜ್ಞಾನಸ್ನಾನವಾಯಿತೇ, ಆಗಲಿಲ್ಲವೇ? ತಾನು ಹಾಕಬೇಕಾಗಿದ್ದ ನೀರನ್ನು ತಾಯಿಯ ಕೈಯಿಂದ ದೇವರು ಹಾಕಿಸಿದನೇ, ಇಲ್ಲ, ತಾನು ಕೈಬಿಟ್ಟ ಪಾಪ ಹಾಗೆಯೇ ಉಳಿಯಿತೇ? ಚರ್ಚಿನ ಫಾದರ್ ಬಳಿ ಹೋದರು. ದೇವರಿಗೆ ಬಿಟ್ಟುಬಿಡಿ ಎಂದರಂತೆ. "ಬಿಟ್ಟಿದೀನಿ ಸಾರ್," ಎಂದರು ನನಗೆ. "ಆದ್ರೆ ಅವನ ಹೆಸರನ್ನ ಜಪದಲ್ಲಿ ಯಾವ ಕಡೆ ಸೇರಿಸ್ಕೊಂಡು ಹೇಳ್ಬೇಕು, ಅದು ನಂಗೂ ತಿಳೀಬೇಕಲ್ಲ."

ಕೆಲ ವರ್ಷಗಳ ನಂತರ, ಗದಗಿನ ಕಡೆಯಿಂದ ಬಂದು ಚಿಕ್ಕಬೈರಪ್ಪನವರ ಇನ್ನೊಂದು ಬಾಡಿಗೆ ಮನೆಯಲ್ಲಿದ್ದ ಕೆಂಚವ್ವ ಎಂಬ ಹೆಂಗಸು ಅದೇ ರೋಗದಿಂದ ಹಾಸಿಗೆ ಹಿಡಿದಳು. ಅಕ್ಕಪಕ್ಕದವರು ಅವಳನ್ನು ಹೊರಹಾಕಿ ಎಂದು ಮಾಲೀಕರ ಬಾಗಿಲಿಗೆ ಬಂದಾಗ, ಸೊಣ್ಣಮ್ಮ ದಪ್ಪಲೆಗೆ ನೀರು ತುಂಬಿ ಒಲೆಯ ಮೇಲಿಟ್ಟರು. ಮಂಗಳವಾರ ಮಾರಮ್ಮನ ಗುಡಿಗೆ ಹೋಗುವುದನ್ನು ಆಕೆ ಬಿಟ್ಟಿರಲಿಲ್ಲ, ಮುಂದೆಯೂ ಬಿಡಲಿಲ್ಲ. ಸುದ್ದಿ ತಿಳಿದು ಮೇಷ್ಟ್ರು ಹಿಗ್ಗಬಹುದೆಂದುಕೊಂಡೆ. ಅವರು ಕುಗ್ಗಿ ಕುಳಿತಿದ್ದರು. "ನಾನು ಆ ತಾಯಿಗೆ ನಮ್ಮ ಸ್ವಾಮಿ ವಿಷ್ಯ ಒಂದು ದಿನಾನೂ ಹೇಳ್ಲಿಲ್ಲ ಸಾರ್. ಹೇಳ್ಬೇಕಿತ್ತಾ? ಹೇಳಿದ್ರೆ ಇವತ್ತು ಆ ಮನೆಗೆ ಹೋಗ್ತಿದ್ರಾ?"

ಎರಡು ಸಾವಿರದ ಆರರಲ್ಲಿ ಮೇಷ್ಟ್ರು ಹೋದರು. ಚರ್ಚಿನ ಹಿಂದಿನ ಬೆಂಚಿನಲ್ಲಿ ಚಿಕ್ಕಬೈರಪ್ಪ, ಸೊಣ್ಣಮ್ಮ, ನಾನು, ಯಾವಾಗ ಏಳಬೇಕು ಯಾವಾಗ ಕೂರಬೇಕು ತಿಳಿಯದೆ ಮುಂದಿನವರನ್ನು ನೋಡಿಕೊಂಡು ಎದ್ದು ಕುಳಿತು ಮಾಡಿದೆವು.

ಭಕ್ತರೆಂದರೆ ಬಂಡೆಯಂತೆ ನಿಂತವರು, ಸಂಶಯದ ಗಾಳಿ ತಾಕದವರು ಎಂದು ನಾವು ತಿಳಿದಿರುತ್ತೇವೆ. ನೆಲೆ ಸಿಕ್ಕೀತೆಂದು ಅವರ ಹತ್ತಿರ ಹೋಗುತ್ತೇವೆ. ಇನ್ನೊಂದು ಬಗೆಯ ಭಕ್ತರೂ ಇದ್ದಾರೆ. ಅವರಿಗೆ ದೇವರು ದಾರಿಯನ್ನು ತೋರಿಸಿರುತ್ತಾನೆಯೇ ಹೊರತು ಅದು ಸರಿಯಾದ ದಾರಿಯೆಂಬ ನೆಮ್ಮದಿಯನ್ನು ಕೊಟ್ಟಿರುವುದಿಲ್ಲ. ಮಾಡಿದ್ದು ಪುಣ್ಯವೋ ಅಪಚಾರವೋ ತಿಳಿಯದೆ ಅವರು ಒಳಗೊಳಗೇ ಬೇಯುತ್ತಿರುವಾಗ, ಪಕ್ಕದ ಮನೆಯವರು ಯಾವ ಉಪದೇಶವನ್ನೂ ಕೇಳದೆ, ಯಾರ ಹೆಸರನ್ನೂ ಹಿಡಿಯದೆ, ನಿನ್ನೆಯವರೆಗೆ ಮುಟ್ಟಲು ಅಂಜಿದ ಮೈಯೊಂದರ ಕೆಳಗೆ ಮೆಲ್ಲಗೆ ಕೈ ಹಾಕುವುದನ್ನು ಕಲಿತುಬಿಟ್ಟಿರುತ್ತಾರೆ.