ಹಿಂದೆ ಹೇಳುವವರು

ಹೊನ್ನಜ್ಜಿ ಸತ್ತು ಒಂದು ಮಳೆಗಾಲ ಕಳೆದಿತ್ತು. ಅವಳ ದನಿ ಮಾತ್ರ ಕುಮಟೆಯ ಮಾಳಿಗೆ ಕೋಣೆಯೊಂದರಲ್ಲಿ, ಲ್ಯಾಪ್‌ಟಾಪಿನೊಳಗೆ, ಹಟ ಹಿಡಿದು ಕೂತಿತ್ತು.

ಆ ಕೋಣೆ ಒಂದು ಬಳಗದ್ದು. ಕಣ್ಣು ಕಾಣದವರಿಗೆ ಕನ್ನಡ ಓದಿ ಹೇಳುವ ತಂತ್ರಾಂಶ ಮಾಡಿ, ಯಾರು ಬೇಕಾದರೂ ತೆಗೆದುಕೊಳ್ಳಿ, ತಿದ್ದಿ, ಹಂಚಿ ಎಂದು ಪುಕ್ಕಟೆ ಬಿಟ್ಟುಕೊಡುವವರ ಬಳಗ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಅವರವರ ಮನೆಯವರು ಬೈಯುತ್ತಿದ್ದರು. ಈ ವರ್ಷದ ಅವರ ದೊಡ್ಡ ಕೆಲಸವೆಂದರೆ ಕರಾವಳಿಯದೇ ಒಂದು ದನಿ. ಅದಕ್ಕಾಗಿ ವಿನುತಾ ತನ್ನ ಅಜ್ಜಿಯನ್ನೇ ಮೈಕಿನ ಮುಂದೆ ಕೂರಿಸಿ ಬಿಡಿಬಿಡಿ ಮಾತುಗಳನ್ನು ಹೇಳಿಸಿ ಹಿಡಿದಿಟ್ಟಿದ್ದಳು.

"ನಾ ಹೋದ್ಮೇಲೆ ಇದು ಯಾರ ಮನಿಗೆ ಹೋಗ್ತದೆ, ತಂಗಿ?" ಎಂದು ಅಜ್ಜಿ ಆಗ ಕೇಳಿದ್ದಳು.

"ಎಲ್ಲರ ಮನಿಗೂ, ಅಜ್ಜಿ."

"ಹಂಗಾರೆ ಒಪ್ಪಿಸಿ ಕೊಡೂಕೆ ಬೇಕು," ಎಂದು ನಕ್ಕಿದ್ದಳು. ಮುದುಕಿಯ ತಮಾಷೆ ಎಂದು ವಿನುತಾಳೂ ನಕ್ಕಿದ್ದಳು.

ಇವತ್ತು ಬಳಗದ ವರ್ಷದ ಸಭೆ. ವರ್ಷದ ವರದಿಯನ್ನು ಆ ದನಿಯೇ ಓದಬೇಕು, ಮುಗಿದ ಮೇಲೆ ವಿನುತಾ ಹೂಂ ಅನ್ನಬೇಕು, ಆಮೇಲೆ ದನಿಯನ್ನು ಲೋಕಕ್ಕೆ ಬಿಡಬೇಕು ಎಂದು ಮಾತಾಗಿತ್ತು. ಒಮ್ಮೆ ಬಿಟ್ಟರೆ ವಾಪಸು ತರುವಂತಿಲ್ಲ. ಅಜ್ಜಿಯನ್ನು ಕಂಡವರ ಕೈಗೆ ಕೊಟ್ಟ ಹಾಗಾಗುತ್ತದಲ್ಲ ಎಂದು ವಿನುತಾಳಿಗೆ ಬೆಳಗಿನಿಂದ ಊಟ ಸೇರಿರಲಿಲ್ಲ.

ಅದರ ಮೇಲೆ ಇನ್ನೊಂದು ಕಾಟ. ದನಿ ಒಂದು ಸಾಲು ಓದಿ ನಿಂತುಬಿಡುತ್ತಿತ್ತು. ಯಾರಾದರೂ ಆ ಸಾಲನ್ನು ತಿರುಗಿ ಹೇಳಿದರೆ ಮಾತ್ರ ಮುಂದಿನ ಸಾಲು. ಭಟ್ಕಳದಿಂದ ಬರುವ ನಾಗಭೂಷಣ ತಂತ್ರಾಂಶದ ತಪ್ಪು ತಿದ್ದುವುದರಲ್ಲಿ ಬಳಗದ ಪಳಗಿದ ಕೈ. ಅವನು ವಾರಗಟ್ಟಲೆ ತಲೆ ಚಚ್ಚಿಕೊಂಡರೂ ತಪ್ಪು ಸಿಕ್ಕಿರಲಿಲ್ಲ. ಲ್ಯಾಪ್‌ಟಾಪಿನ ಮೈಕು ತೆಗೆಸಿ ನೋಡಿದ. ಆಗಲೂ ಅದಕ್ಕೆ ಕೇಳುತ್ತಿತ್ತು.

ವಿನುತಾಳಿಗೆ ಕಾರಣ ಗೊತ್ತಿತ್ತು, ಹೇಳಲು ಹೆದರಿಕೆ. ಅಜ್ಜಿ ಹಾಡುಗಾತಿ. ಅವಳು ಒಂದು ಸೊಲ್ಲು ಮುಂದೆ ಹೇಳಿದರೆ, ಜೊತೆಗಾತಿ ಸೀತೆ ಅದನ್ನೇ ಹಿಂದೆ ಹೇಳಬೇಕು. ಹಿಂದೆ ಹೇಳದ ಸೊಲ್ಲು ಹೇಳಿದ ಲೆಕ್ಕಕ್ಕಿಲ್ಲ. ಜೀವಮಾನವಿಡೀ ಹಾಗೇ ಹಾಡಿದವಳು.

ಅದಕ್ಕೇ ವಿನುತಾ ಕರ್ಕಿಯ ಕಡೆಯ ಹಳ್ಳಿಯಿಂದ ಸೀತಜ್ಜಿಯನ್ನು ಕರೆಸಿದ್ದಳು. ಬಳಗದವರಿಗೆ ಅತಿಥಿ ಎಂದು ಹೇಳಿದ್ದಳು, ಅಷ್ಟೆ.

"ಈ ವರ್ಷ ನಮ್ಮ ಬಳಗ ಹೋದ ವರ್ಷಕ್ಕಿಂತ ಬೆಳೆದಿದೆ," ಎಂದಿತು ಹೊನ್ನಜ್ಜಿಯ ದನಿ. ನಿಂತಿತು.

ಸೀತಜ್ಜಿ ಕಣ್ಣು ಮುಚ್ಚಿದಳು. "ಈ ವರ್ಷ ನಮ್ಮ ಬಳಗ ಹೋದ ವರ್ಷಕ್ಕಿಂತ ಬೆಳೆದಿದೆ," ಎಂದಳು, ಸತ್ತವಳ ದನಿ ಕೇಳಿ ಬೆಚ್ಚಲೂ ಇಲ್ಲ.

ಜನ ನಕ್ಕರು. ವರದಿ ಹಾಗೇ ಸಾಗಿತು. ಯಾರು ಬಿಟ್ಟುಹೋದರು, ಯಾರು ಬಂದರು, ಯಾವ ದೋಷ ತಿದ್ದಿದ್ದಾಯಿತು, ಹೊನ್ನಾವರದಲ್ಲಿ ಕಣ್ಣು ಹೋದ ಮಾಸ್ತರರೊಬ್ಬರು ಮತ್ತೆ ಪೇಪರು ಓದುವಂತಾದದ್ದು. ಕೊನೆಯ ಸಾಲೂ ಆಯಿತು. ಚಪ್ಪಾಳೆ ಬಿತ್ತು. ವಿನುತಾಳಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

ದನಿ ನಿಲ್ಲಲಿಲ್ಲ. ಪರದೆಯ ಮೇಲೆ ಅಕ್ಷರ ಮುಗಿದಿದ್ದವು. ಅದು ಹಾಡತೊಡಗಿತು.

"ಅಂಗಳ ದಾಟುವ ಮಗಳ ಒಪ್ಪಿಸ್ತೆ ನಾನು,
ಕೊಂಡೋಗುವವರ‍್ಯಾರು, ಮಾತ ಕೊಡಿರೊ..."

ನಿಂತಿತು. ಎಲ್ಲರೂ ಸೀತಜ್ಜಿಯನ್ನು ನೋಡಿದರು. ಅವಳು ಇಲ್ಲವೆಂದು ತಲೆ ಅಲ್ಲಾಡಿಸಿದಳು.

"ಹೇಳು ಸೀತಜ್ಜಿ," ಎಂದಳು ವಿನುತಾ.

"ಇದು ಹಿಂದೆ ಹೇಳೂ ಹಾಡಲ್ಲ, ತಂಗಿ. ಹೆಣ್ಣು ಒಪ್ಪಿಸೂದು. ಕರ‍್ಕೊಂಡು ಹೋಗೂರು ಮಾತು ಕೊಡ್ಬೇಕು. ಕೊಡೂ ತನಕ ಹೆಣ್ಣು ಹೊಸ್ತಿಲು ದಾಟೂಕಿಲ್ಲ."

"ಅದು ದಾಟಿ ಆತು," ಎಂದ ನಾಗಭೂಷಣ. "ಹೋದ ವಾರವೇ ಬಿಟ್ಟೆ. ಹೆಂಗಿದ್ರೂ ನೀ ಹೂಂ ಅಂತೀಯಲ್ಲ ಅಂದ್ಕೊಂಡೆ. ಎಷ್ಟೋ ಜನ ತಕಂಡಾತು, ವಿನುತಾ."

"ನನ್ನ ಕೇಳದೆ ಎಂತಕ್ಕೆ ಬಿಟ್ಟೆ ಭೂಷಣಣ್ಣಾ?" ವಿನುತಾಳಿಗೆ ಅವನ ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂತು. ಒಪ್ಪಿಸದೆ ಕಳಿಸಿದ ಹೆಣ್ಣಾಗಿ ಹೋಗಿದ್ದಳು ಅವಳ ಅಜ್ಜಿ.

ದನಿ ಅದೇ ಸೊಲ್ಲನ್ನು ಮತ್ತೆ ಹಾಡಿತು. ನಾಗಭೂಷಣ ಲ್ಯಾಪ್‌ಟಾಪು ಮುಚ್ಚಿದ. ಮುಚ್ಚಿದರೂ ಹಾಡಿತು. ಆ ದನಿಯಲ್ಲಿ ಈಗ ಅಳು ಸೇರಿತ್ತು. ಅಜ್ಜಿ ಅತ್ತದ್ದನ್ನು ವಿನುತಾ ಎಂದೂ ಕಂಡವಳಲ್ಲ. ತಡೆಯಲಾಗಲಿಲ್ಲ.

"ನಾ ನೋಡ್ಕಳ್ತೆ ಅಜ್ಜಿ," ಎಂದುಬಿಟ್ಟಳು. "ನೀ ಎಲ್ಲೇ ಇದ್ರೂ."

"ಆತು," ಎಂದಿತು ದನಿ. ಹಾಡು ನಿಂತಿತು.

ಸಂಜೆ ಸೀತಜ್ಜಿಯನ್ನು ಬಸ್ಸಿಗೆ ಹತ್ತಿಸಲು ವಿನುತಾ ಪೇಟೆಯಲ್ಲಿ ನಡೆದಿದ್ದಳು. ಎದುರಿನಿಂದ ಬಟ್ಟೆ ಅಂಗಡಿಯ ಪ್ರಚಾರದ ರಿಕ್ಷಾ ಬಂತು. ಮೇಲಿನ ಸ್ಪೀಕರಿನಿಂದ ಹೊನ್ನಜ್ಜಿ ಕೂಗಿದಳು. "ಬನ್ನಿ, ಬನ್ನಿ, ಸೀರೆಗಳ ಮೇಲೆ ಭಾರಿ ರಿಯಾಯಿತಿ." ದನಿ ನಿಂತಿತು. ಡ್ರೈವರು ರಿಕ್ಷಾ ನಿಲ್ಲಿಸಿ ಸ್ಪೀಕರಿನ ಡಬ್ಬಿಗೆ ಗುದ್ದಿದ. ಇನ್ನೊಮ್ಮೆ ಗುದ್ದಿದ.

ಸೀತಜ್ಜಿ ವಿನುತಾಳ ಕಡೆ ತಿರುಗಿದಳು. "ಹೇಳು."

"ನಾನಾ?"

"ಮತ್ಯಾರು? ಮಾತು ಕೊಟ್ಟವಳು ನೀನಲ್ದಾ?"

ನಡುಬೀದಿಯಲ್ಲಿ, ಪರಿಚಯದವರೆಲ್ಲ ನೋಡುತ್ತಿದ್ದಂತೆ, ವಿನುತಾ ಗಟ್ಟಿಯಾಗಿ ಹೇಳಿದಳು. "ಬನ್ನಿ, ಬನ್ನಿ, ಸೀರೆಗಳ ಮೇಲೆ ಭಾರಿ ರಿಯಾಯಿತಿ."

ರಿಕ್ಷಾದ ಅಜ್ಜಿ ಮುಂದಿನ ಸಾಲಿಗೆ ಹೋದಳು. ಅಷ್ಟರಲ್ಲಿ ಹಿಂದಿನ ಓಣಿಯ ಯಾವುದೋ ಮನೆಯೊಳಗೆ ಅದೇ ದನಿ ಏನನ್ನೋ ಓದುತ್ತ ಓದುತ್ತ ನಿಂತಿತು. ವಿನುತಾ ಚಪ್ಪಲಿ ಕಳಚಿ ಕೈಗೆತ್ತಿಕೊಂಡು ಅತ್ತ ಓಡಿದಳು.