ಆರುನೂರ ನಲವತ್ತು ಹೆಜ್ಜೆ

೨೦೧೯ರ ಮಾರ್ಚ್ ಒಂಬತ್ತು, ಶನಿವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಫಿಸಿಯೋಥೆರಪಿಸ್ಟ್ ತನ್ನ ಬಿಳಿ ಕೋಲಿನ ಮಡಿಕೆ ಬಿಡಿಸಿ, ಗೇಟಿನ ಕಂಬಕ್ಕೆ ಬೆನ್ನು ತಾಗಿಸಿ ನಿಂತಳು.

"ಇನ್ನು ಯಾರೂ ಮಾತಾಡಬೇಡಿ. ಎಣಿಸೋವಾಗ ಮಾತಾಡಿಸಿದ್ರೆ ಮತ್ತೆ ಇಲ್ಲಿಂದಲೇ ಶುರು."

"ಬಾಯಿಗೆ ಹೊಲಿಗೆ ಹಾಕ್ಕೊಂಡೆ," ಎಂದ ಅಣ್ಣ. ಅವನು ದರ್ಜಿ, ತಮಾಷೆಗೂ ಅಂಗಡಿಯ ಮಾತನ್ನೇ ಬಳಸುವವನು.

ಮನೆ ತೋರಿಸಲು ಬಂದಿದ್ದ ದಲ್ಲಾಳಿಗೆ ಮಾತ್ರ ಸುಮ್ಮನಿರಲು ಆಗಲಿಲ್ಲ. "ಮೇಡಂ, ಹನ್ನೆರಡು ಗಂಟೆಗೆ ಇನ್ನೊಂದು ಪಾರ್ಟಿ ಬರ್ತಿದಾರೆ. ಆಮೇಲೆ ನನ್ನ ಬೈಬೇಡಿ, ಅಷ್ಟೇ."

ಅವಳಿಗೆ ಹುಟ್ಟಿನಿಂದಲೇ ಕಣ್ಣು ಕಾಣದು. ಅದರ ಬಗ್ಗೆ ಅವಳಿಗೆ ಅಂಥ ತಕರಾರೇನೂ ಇರಲಿಲ್ಲ. ತಕರಾರು ಇದ್ದದ್ದು ಹನ್ನೊಂದು ವರ್ಷಗಳಿಂದ ಅಣ್ಣನ ಕಾರಿನಲ್ಲಿ ಆಸ್ಪತ್ರೆಗೆ ಹೋಗಿ, ಅಣ್ಣನ ಕಾರಿನಲ್ಲೇ ವಾಪಸು ಬರುವುದರ ಬಗ್ಗೆ. ಊರ ನಡುವಿನ ಆ ಆಸ್ಪತ್ರೆಯ ಮುಂದೆ ಎಂಟು ಸಾಲು ವಾಹನಗಳು ಹರಿಯುತ್ತಿದ್ದವು. ಬೇರೆ ದಾರಿ ಇರಲಿಲ್ಲ. ಈಗ ಅವಳ ವಿಭಾಗವನ್ನು ಹೊರವಲಯದ ಈ ಹಳೆಯ ಶಾಖೆಗೆ ವರ್ಗಾಯಿಸಿದ್ದರು. ಬರುವ ತಿಂಗಳು ಒಂದರಿಂದ ಕೆಲಸ ಇಲ್ಲೇ.

ಆರಿಸಲು ಎರಡು ಮನೆಗಳಿದ್ದವು. ವರ್ತುಲ ರಸ್ತೆಯ ಆಚೆಗಿನ ಹೊಸ ಬಡಾವಣೆಯಲ್ಲಿ ಅತ್ತಿಗೆ ನೋಡಿಟ್ಟಿದ್ದು ಒಂದು: ಮೂವರಿಗೂ ಸಾಕಾಗುವಷ್ಟು ದೊಡ್ಡದು, ಗಾಳಿ ಬೆಳಕು ಚೆನ್ನಾಗಿದೆ, ಆದರೆ ಕಾರಿಲ್ಲದೆ ಆಸ್ಪತ್ರೆ ಮುಟ್ಟುವಂತಿಲ್ಲ. "ಬಿಟ್ಟು ಬರ್ತೀನಿ, ಏನೀಗ?" ಎಂದಿದ್ದ ಅಣ್ಣ. ಏನೀಗ ಎಂದು ಅವಳು ಹೇಳಿರಲಿಲ್ಲ. ಹೊಲಿದಿಟ್ಟ ಬಟ್ಟೆಯ ಹಾಗೆ ಅಲ್ಲಿ ಕೊಟ್ಟು, ಇಲ್ಲಿ ತಂದು ಮಾಡಿಸಿಕೊಂಡು ಅವಳಿಗೆ ಸಾಕಾಗಿತ್ತು. ಇನ್ನೊಂದು ಈ ಎರಡು ಕೋಣೆಯ ಮನೆ, ಅವಳೊಬ್ಬಳಿಗೇ. ಇಪ್ಪತ್ತೆರಡು ವರ್ಷಗಳ ಹಿಂದೆ ಇದೇ ಜಾಗದಲ್ಲಿ ಅವಳಿದ್ದ ತರಬೇತಿ ವಿದ್ಯಾರ್ಥಿನಿಯರ ಹಾಸ್ಟೆಲ್ ಇತ್ತು. ಅದನ್ನು ಕೆಡವಿ ಮನೆಗಳನ್ನು ಕಟ್ಟಿದ್ದರೂ ಗೇಟು ಮಾತ್ರ ಇದ್ದಲ್ಲೇ ಇತ್ತು. ಈ ಗೇಟಿನಿಂದ ಆಸ್ಪತ್ರೆಯ ಗೇಟಿಗೆ ಆರುನೂರ ನಲವತ್ತು ಹೆಜ್ಜೆ. ಎರಡು ವರ್ಷ ದಿನಾ ನಡೆದ ದಾರಿ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದಳು. ನೂರ ಎಂಬತ್ತಕ್ಕೆ ಮೋರಿ. ಅದರ ಮೇಲೆ ಕೋಲು ಟೊಳ್ಳಾಗಿ ಸದ್ದು ಮಾಡುತ್ತದೆ, ಎಡಕ್ಕೆ ಮರ ಕೊಯ್ಯುವ ಮಿಲ್ಲು. ಮುನ್ನೂರ ಹತ್ತಕ್ಕೆ ಬೇಕರಿ, ಅಲ್ಲಿ ಬಲಕ್ಕೆ ತಿರುವು. ಆಮೇಲೆ ನೇರ.

ಇಂದು ಆ ದಾರಿ ನಡೆದು ನೋಡುವುದು. ನಡೆಯಲಾದರೆ ಈ ಮನೆ, ಆಗದಿದ್ದರೆ ಅತ್ತಿಗೆಯ ಬಡಾವಣೆ. ಹಾಗೆಂದು ಅಣ್ಣ, ಅತ್ತಿಗೆ, ಅವಳು ಮೂವರೂ ಮೊದಲೇ ಒಪ್ಪಿಕೊಂಡಿದ್ದರು.

ನೂರ ಎಂಬತ್ತು ಬಂತು. ಮೋರಿ ಬರಲಿಲ್ಲ. ಮಿಲ್ಲಿನ ಗರಗಸದ ಕೂಗೂ ಇಲ್ಲ, ಹಸಿ ಮರದ ವಾಸನೆಯೂ ಇಲ್ಲ. ಎಡಗಡೆ ಎಲ್ಲಿಂದಲೋ ಧಡ್ ಧಡ್ ಎಂದು ಹಾಡು ಬಡಿಯುತ್ತಿತ್ತು, ಅದರ ನಡುವೆ ಯಾರೋ ಏದುಸಿರು ಬಿಡುತ್ತ, "ಇನ್ನೆರಡು! ಇನ್ನೊಂದು!" ಎಂದು ಕೂಗುತ್ತಿದ್ದರು. ಅವಳು ಗಲಿಬಿಲಿಗೊಂಡು ನಿಧಾನ ಮಾಡಿದಳು. ಮೋರಿಯನ್ನು ಮುಚ್ಚಿರಬೇಕು ಎಂದುಕೊಳ್ಳುವಷ್ಟರಲ್ಲಿ ಇನ್ನೂರ ಐದಕ್ಕೆ ಕೋಲು ಟೊಳ್ಳಾಗಿ ಸದ್ದು ಮಾಡಿತು. ಇದು ಅದೇ ಮೋರಿಯೋ, ಹೊಸದೋ? ಮೋರಿಗಳು ನಡೆಯುತ್ತವೆಯೇ?

ಮುನ್ನೂರ ಹತ್ತಕ್ಕೆ ಬಲಕ್ಕೆ ತಿರುಗಿದಳು. ಬ್ರೆಡ್ಡಿನ ವಾಸನೆಯೇನೋ ಬರುತ್ತಿತ್ತು, ಆದರೆ ಬೆನ್ನ ಹಿಂದಿನಿಂದ. ಹನ್ನೊಂದು ಹೆಜ್ಜೆ ಹಾಕುತ್ತಲೇ ಎದುರಿಗಿನ ಬಾಗಿಲು ತಾನಾಗಿ ತೆರೆದುಕೊಂಡು ತಣ್ಣನೆಯ ಗಾಳಿ ಮುಖಕ್ಕೆ ರಾಚಿತು.

"ಹಲ್ಲು ತೋರಿಸೋಕಾ ಮೇಡಂ? ಟೋಕನ್ ತಗೊಂಡು ಕೂತ್ಕೊಳ್ಳಿ," ಎಂದಿತು ಒಂದು ಹುಡುಗಿಯ ದನಿ.

"ನನ್ನ ಹಲ್ಲು ಗಟ್ಟಿಯಾಗಿವೆ. ರಸ್ತೆ ಎಲ್ಲಿ?"

ಹಿಂದೆ ಅಣ್ಣ ನಗು ತಡೆಯಲಾರದೆ ಕೆಮ್ಮಿದ. ಅವಳಿಗೆ ಮೈಯೆಲ್ಲ ಉರಿಯಿತು. ತಿರುಗಿದ ಜಾಗಕ್ಕೇ ವಾಪಸು ಬಂದು ದಲ್ಲಾಳಿಯ ಮೇಲೆ ಹರಿಹಾಯ್ದಳು.

"ನಿಜ ಹೇಳಿ. ಇದು ಬೇರೆ ಬೀದಿ ತಾನೇ? ಕಣ್ಣು ಕಾಣಲ್ಲ, ಏನು ಗೊತ್ತಾಗುತ್ತೆ ಅಂತ ಎಲ್ಲಿಗೋ ಕರ್ಕೊಂಡು ಬಂದಿದೀರ!"

"ಅಯ್ಯೋ ಮೇಡಂ! ನನ್ನ ಮಕ್ಕಳಾಣೆ, ಇದೇ ಬೀದಿ. ಬೋರ್ಡ್ ಓದಿ ಹೇಳಲಾ?"

"ನೀವು ಓದಿದ್ದು ನಂಗೇನು ಸಾಕ್ಷಿ?"

"ನಾನೂ ಓದ್ತಿದೀನಲ್ಲೇ," ಎಂದ ಅಣ್ಣ. "ಅದೇ ಹೆಸರು. ಬೀದಿ ಜೊತೆ ಯಾಕೆ ಕಾಲು ಕೆರೆದು ಜಗಳ ಆಡ್ತೀಯ? ಬಾ, ಕಾರಲ್ಲಿ ಕೂರು. ಹೊಸ ಬಡಾವಣೆಗೆ ಹೋಗಿ ಆರಾಮಾಗಿ ನೋಡಿ ಬರೋಣ."

ಅವಳು ಮುನ್ನೂರ ಹತ್ತರಿಂದಲೇ ಮುಂದಕ್ಕೆ ಎಣಿಸತೊಡಗಿದಳು. ಮುನ್ನೂರ ಐವತ್ತಮೂರಕ್ಕೆ ಪಾದಚಾರಿ ಕಟ್ಟೆ ಬಲಕ್ಕೆ ಬಾಗಿತು. ತಿರುವು! ಆದರೆ ಅಲ್ಲಿ ಬೇಕರಿಯ ಬದಲು ಔಷಧಿ ಅಂಗಡಿಯ ಘಾಟು. ಕಟ್ಟೆಯ ಮೇಲೆ ಯಾರೋ ಕೂತು ಲೋಹ ಉಜ್ಜುತ್ತಿದ್ದರು. ಅವಳ ಕೋಲು ಅವರ ಡಬ್ಬಿಗೆ ತಗುಲಿತು.

"ನಿಧಾನ ತಾಯಿ. ಬೀಗದ ಕೈ ಚೆಲ್ಲಿದ್ರೆ ಅರ್ಧ ಊರು ಬೀದಿಗೆ ಬೀಳುತ್ತೆ," ಎಂದರು ಆ ಮುದುಕರು.

"ನೀವು ಇಲ್ಲಿ ಎಷ್ಟು ವರ್ಷದಿಂದ ಕೂತಿದೀರ?"

"ಮೂವತ್ತಾಯ್ತು."

"ಮರದ ಮಿಲ್ಲು?"

"ಅದು ಮುಚ್ಚಿ ಗೋದಾಮಾಯ್ತು, ಗೋದಾಮು ಹೋಗಿ ಟ್ಯೂಷನ್ ಆಯ್ತು, ಈಗ ದುಡ್ಡು ಕೊಟ್ಟು ಭಾರ ಎತ್ತೋ ಜಾಗ ಆಗಿದೆ. ಮಿಲ್ಲಲ್ಲಿ ಭಾರ ಎತ್ತಿದ್ರೆ ಅವರೇ ದುಡ್ಡು ಕೊಡ್ತಿದ್ರು."

"ಬೇಕರಿ ಹಿಂದಕ್ಕೆ ಹೋಯ್ತಾ?"

"ಬೇಕರಿ ಸತ್ತೇಹೋಯ್ತು. ಅಲ್ಲಿ ಹಿಂದೆ ಇರೋದು ಬೇರೆಯವರದು."

ಅವಳು ತಡೆದು ಕೇಳಿದಳು. "ಈ ಮೂಲೆ? ಮೂಲೆ ಏನಾದ್ರೂ ಸರಿದಿದೆಯಾ? ರಸ್ತೆ ಅಗಲ ಮಾಡಿದಾಗ, ಮೋರಿ ಕಟ್ಟಿದಾಗ?"

"ಮೂಲೆ ಎಲ್ಲಿಗೆ ಹೋಗುತ್ತೆ ತಾಯಿ? ಮೋರಿನೂ ಅದೇ. ನಾನೂ ಅದೇ, ಹಲ್ಲು ಮಾತ್ರ ಇಲ್ಲ."

ಅವಳು ಬಲಕ್ಕೆ ತಿರುಗಿ ನಡೆದಳು, ಆದರೆ ತಲೆಯೊಳಗೆ ಎಲ್ಲವೂ ಕಲಸಿಹೋಗಿತ್ತು. ಅಂಗಡಿಗಳು ಬದಲಾದವು, ಸರಿ. ವಾಸನೆ ಬದಲಾಯಿತು, ಸರಿ. ಬದಲಾಗದ ಮೋರಿ, ಬದಲಾಗದ ಮೂಲೆ ದೂರ ಸರಿದದ್ದು ಹೇಗೆ? ತಾನೇ ಆ ದಿನಗಳ ಲೆಕ್ಕ ಮರೆತಿರಬಹುದೇ? ಮರೆತಿದ್ದರೆ, ಈ ಬೀದಿಯ ಬಗ್ಗೆ ತನಗೆ ಗೊತ್ತಿರುವುದರಲ್ಲಿ ನಿಜ ಎಷ್ಟು? ಆರುನೂರ ನಲವತ್ತು ಕಳೆಯಿತು. ಆಸ್ಪತ್ರೆ ಬರಲಿಲ್ಲ. ಏಳುನೂರು ಕಳೆಯಿತು. ಏಳುನೂರ ಇಪ್ಪತ್ತೆಂಟಕ್ಕೆ ಕೋಲು ಕಬ್ಬಿಣದ ಗೇಟಿಗೆ ಬಡಿಯಿತು. ಒಳಗಿನಿಂದ ಫಿನಾಯಿಲ್ ವಾಸನೆ.

ಕಾವಲುಗಾರನ ಬೆಂಚಿನ ಮೇಲೆ ಕುಸಿದು ಕೂತಳು.

"ಹನ್ನೊಂದೂ ಕಾಲು," ಎಂದ ಅಣ್ಣ ಮೆಲ್ಲಗೆ. "ಹೋಗಲಿ ಬಿಡೇ. ನೀನು ಸೋತೆ ಅಂತ ಯಾರೂ ಅನ್ನಲ್ಲ."

"ಸುಮ್ನಿರು. ಇನ್ನೂರ ಐದರಲ್ಲಿ ನೂರ ಎಂಬತ್ತು ಕಳೆದ್ರೆ?"

"ಇಪ್ಪತ್ತೈದು."

ತಿರುವಿನಲ್ಲಿ ನಲವತ್ತಮೂರು ಹೆಚ್ಚು. ಗೇಟಿನಲ್ಲಿ ಎಂಬತ್ತೆಂಟು. ದೂರ ಹೆಚ್ಚಿದಷ್ಟೂ ತಪ್ಪೂ ಹೆಚ್ಚಿದೆ. ಬೀದಿ ಮನಸ್ಸಿಗೆ ಬಂದಂತೆ ಬದಲಾಗಿದ್ದರೆ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಆಗಬೇಕಿತ್ತು. ಭಾಗಿಸಿ ನೋಡಿದಳು. ಮೂರು ಕಡೆಯೂ ನೂರಕ್ಕೆ ಹದಿನಾಲ್ಕರ ಆಸುಪಾಸು. ಇಷ್ಟು ಶಿಸ್ತಾಗಿ ಹಿಗ್ಗಲು ಬೀದಿ ರಬ್ಬರಿನದಲ್ಲ. ಬದಲಾದದ್ದು ಅಳತೆಗೋಲು.

ದಿನಕ್ಕೆ ಹತ್ತು ರೋಗಿಗಳ ನಡಿಗೆ ಪರೀಕ್ಷಿಸುವವಳು ಅವಳು. "ಹೆಜ್ಜೆ ಚಿಕ್ಕದಾಗ್ತಿದೆ, ದೊಡ್ಡದು ಹಾಕಿ" ಎಂದು ಗದರುವವಳು. ತನ್ನ ಹೆಜ್ಜೆಯನ್ನು ಕೊನೆಯ ಸಲ ಯಾರು ಅಳೆದಿದ್ದರು? ಇದೇ ಹಾಸ್ಟೆಲಿನಲ್ಲಿ, ಕೋಲು ಹಿಡಿಯಲು ಕಲಿಸಿದ ಮೇಷ್ಟ್ರು. ಅರವತ್ತಾರು ಸೆಂಟಿಮೀಟರ್ ಎಂದಿದ್ದರು. ಆಗ ಅವಳಿಗೆ ಇಪ್ಪತ್ತನಾಲ್ಕು.

"ನೀವಿಬ್ಬರೂ ಇಲ್ಲೇ ಇರಿ," ಎಂದು ಎದ್ದಳು. "ನಾನು ಒಬ್ಬಳೇ ವಾಪಸ್ ಹೋಗ್ತೀನಿ. ತಿರುವು ಮುನ್ನೂರ ಎಪ್ಪತ್ತೈದಕ್ಕೆ ಬರಬೇಕು, ಮೋರಿ ಐನೂರ ಇಪ್ಪತ್ತಮೂರಕ್ಕೆ. ಬರದಿದ್ರೆ ನೀನು ಹೇಳಿದ ಬಡಾವಣೆ."

"ಒಬ್ಬಳೇನಾ?"

"ನಿನ್ನ ಚಪ್ಪಲಿ ಸದ್ದು ನಂಗೆ ಗೊತ್ತು. ಹಿಂದೆ ಬಂದ್ಯೋ, ಜಗಳ."

ಅವನು ಹಿಂದೆ ಹೋಗಲಿಲ್ಲ. ತಿರುವು ಮುನ್ನೂರ ಎಪ್ಪತ್ತೇಳಕ್ಕೆ ಸಿಕ್ಕಿತು. ಮೋರಿ ಐನೂರ ಇಪ್ಪತ್ತನಾಲ್ಕಕ್ಕೆ. ಆ ಹಾಡಿನ ಬಡಿತ ಈಗ ಬಲಗಿವಿಗೆ; ಬ್ರೆಡ್ಡಿನ ವಾಸನೆ ಎಲ್ಲಿಂದ ಬರುತ್ತಿದೆ ಎಂಬುದರ ತಲೆಬುಡ ಈಗಲೂ ತಿಳಿಯಲಿಲ್ಲ. ನಡುವೆ ಯಾರೋ ಕಟ್ಟೆಯ ಮೇಲೇ ನಿಲ್ಲಿಸಿದ ಸ್ಕೂಟರಿಗೆ ಮೊಣಕಾಲು ತಾಗಿ ಬೈದಳು. ಆದರೂ ಏಳುನೂರ ಮೂವತ್ತಕ್ಕೆ ಕೈ ಗೇಟಿನ ಕಂಬ ಮುಟ್ಟಿತು. ಅಲ್ಲೇ ನಿಂತು ದಲ್ಲಾಳಿಗೆ ಫೋನ್ ಮಾಡಿದಳು.

"ಆ ಇನ್ನೊಂದು ಪಾರ್ಟಿಗೆ ಬರಬೇಡಿ ಅನ್ನಿ."

ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಅಣ್ಣ ಬಂದ. ನಡೆದೇ ಬಂದಿದ್ದ; ಉಸಿರು ಏರಿತ್ತು. ಅವಳು ಲೆಕ್ಕವನ್ನೆಲ್ಲ ಬಿಡಿಸಿ ಹೇಳಿದಳು.

"ಹೆಜ್ಜೆ ಚಿಕ್ಕದಾಗಿದ್ದು ನನ್ನ ಕಾರಿಂದಾನಾ?" ಎಂದ ಅವನು.

"ವಯಸ್ಸೂ ಆಯ್ತಲ್ಲ," ಎಂದಳು. ನಿಜವಾಗಿ ಅವಳಿಗೂ ಗೊತ್ತಿರಲಿಲ್ಲ. ವಯಸ್ಸಿಗೆ ಎಷ್ಟು, ಕಾರಿಗೆ ಎಷ್ಟು ಎಂದು ಬೇರ್ಪಡಿಸಲು ಈಗ ಯಾವ ಪರೀಕ್ಷೆಯೂ ಉಳಿದಿರಲಿಲ್ಲ. "ಊಹೆ ಬೇಡ. ಅಳೆದುಬಿಡು."

ಅವನು ಜೇಬಿನಿಂದ ಸೀಮೆಸುಣ್ಣ ತೆಗೆದು ಅವಳ ಹಿಮ್ಮಡಿಯ ಹಿಂದೆ ಗೆರೆ ಎಳೆದ. ಮಾಮೂಲಾಗಿ ಹತ್ತು ಹೆಜ್ಜೆ ನಡೆ ಎಂದ, ನಡೆದಳು. ಮತ್ತೆ ಗೆರೆ ಎಳೆದು, ಮಂಡಿಯೂರಿ, ಟೇಪನ್ನು ತುಂಡು ತುಂಡಾಗಿ ಹಾಸುತ್ತ ಹೋಗಿ, ಹತ್ತರಿಂದ ಭಾಗಿಸಿ ಹೇಳಿದ: ಐವತ್ತೆಂಟು ಸೆಂಟಿಮೀಟರ್.